ಕಡ ತಂದ ಹೆಪ್ಪು

"ಮಾಡಿದ್ದು ಉಳಿಯದ ಕೆಲಸಕ್ಕ ಏನ ಅರ್ಥ ಐತ್ರಿ, ಅವ್ವಾರ?"

ಕೇಳಿದವಳು ಫಕೀರವ್ವ. ಕೇಳಿಸಿಕೊಂಡವರು ಗುರುತಾಯಿ. ಮಧ್ಯಾಹ್ನದ ಊಟ ಮುಗಿದಿತ್ತು. ಮನೆಯವರೆಲ್ಲ ಉಂಡು ತಮ್ಮ ತಮ್ಮ ಕೆಲಸಕ್ಕೆ ಹೋಗಿದ್ದರು. ಗುರುತಾಯಿ ಉಂಡು ಕಂಬಕ್ಕೆ ಒರಗಿ ಕುಳಿತಿದ್ದರು. ಊರೂರು ತಿರುಗುವ ಹೆಂಗಸು ಅವರು. ಈ ದಾರಿಯಲ್ಲಿ ಬಂದಾಗಲೆಲ್ಲ ಫಕೀರವ್ವನ ಮನೆಯಲ್ಲಿ ಕೆಲವು ದಿನ ಇದ್ದು ಹೋಗುತ್ತಿದ್ದರು. ಅವರನ್ನು ಗುರು ಎಂದು ಕರೆದವರು ಜನ. ಅವರು ಬೇಡ ಎಂದಿರಲಿಲ್ಲ, ಹೌದು ಎಂದೂ ಇರಲಿಲ್ಲ.

"ಯಾವ ಕೆಲಸ?" ಎಂದು ಕೇಳಿದರು.

"ಒಲಿ ಮುಂದಿನ ಕೆಲಸ. ನೇಕಾರ ನೇಯ್ದದ್ದು ಸೀರಿ ಆಗಿ ಉಳೀತೈತಿ. ಗೌಂಡಿ ಕಟ್ಟಿದ್ದು ಗ್ವಾಡಿ ಆಗಿ ನಿಲ್ತೈತಿ. ನಾನು ಮುಂಜಾನೆ ಮಾಡಿದ್ದು ಮಧ್ಯಾಹ್ನಕ್ಕ ಇರೂದಿಲ್ಲ. ಮಧ್ಯಾಹ್ನ ಮಾಡಿದ್ದು ಸಂಜಿಗೆ ಇರೂದಿಲ್ಲ. ಗಡಿಗಿ ತೊಳಿಯೂದು ಒಂದ ಉಳೀತೈತಿ. ಇವತ್ತೇನು ಮಾಡ್ಲಿ, ನಾಳೆ ಏನು ಮಾಡ್ಲಿ ಅಂತ ಯೋಚನಿ ಮಾಡಿ ಮಾಡಿ ತಲಿ ಹಣ್ಣಾತು. ನನಗ ಸಾಕಾಗೇತ್ರಿ. ನಾಳೆ ನೀವು ಹೊಂಟಾಗ ನಾನೂ ಬರ್ತೀನಿ. ಗಂಟು ಕಟ್ಟೀನಿ."

ಬಾಗಿಲ ಹಿಂದೆ ನಿಜವಾಗಿಯೂ ಒಂದು ಗಂಟು ಇತ್ತು. ಗುರುತಾಯಿ ಅದನ್ನು ನೋಡಿದರು.

"ಗಂಟು ಸಣ್ಣದಿದೆ, ಒಳ್ಳೆಯದು. ಆದರೆ ದಾರಿಯಲ್ಲೂ ಹಸಿವಾಗುತ್ತದೆ. ಅದನ್ನು ಮೊದಲೇ ಹೇಳಿಬಿಡುತ್ತೇನೆ" ಎಂದರು. ಆಮೇಲೆ ಒಂದು ಕತೆ ಹೇಳಿದರು.

ಸೂಜಿ ಮಾರುವವಳೊಬ್ಬಳು ದಾರಿ ತಪ್ಪಿದ್ದಳು. ತಪ್ಪಿದೆ ಎಂದು ಗೊತ್ತಾದ ಮೇಲೂ ಬಹಳ ದೂರ ನಡೆದಳು. ಹಿಂದಕ್ಕೆ ತಿರುಗುವುದು ಅವಳ ಸ್ವಭಾವದಲ್ಲಿ ಇರಲಿಲ್ಲ. ಕೊನೆಗೆ ದಾರಿ ಮೂರಾಗಿ ಒಡೆಯುವಲ್ಲಿ ಒಂದು ಮನೆ ಕಂಡಿತು. ಮನೆಯಾಕೆ ಅಂಗಳದಲ್ಲಿ ಜೋಳ ಕುಟ್ಟುತ್ತಿದ್ದಳು. ಸೂಜಿಯವಳು ಸಂತೆಯ ಊರಿಗೆ ಯಾವ ದಾರಿ ಎಂದು ಕೇಳಿದಳು.

"ದಾರಿ ಎಲ್ಲಿಗೂ ಓಡಿ ಹೋಗೂದಿಲ್ಲ. ಉಂಡು ಹೋಗು" ಎಂದಳು ಮನೆಯಾಕೆ.

ಸೂಜಿಯವಳು ಕಟ್ಟೆಯ ಮೇಲೆ ಕುಳಿತಳು. ದಾರಿ ಒಡೆಯುವಲ್ಲಿ ಒಂದು ಕಲ್ಲು ನೆಟ್ಟಿದ್ದರೆ ನಿನಗೆ ದಿನವೂ ಈ ತೊಂದರೆ ಇರುತ್ತಿರಲಿಲ್ಲ ಎಂದಳು.

"ನೆಟ್ಟಾರ. ಓದಾಕ ಬರದವರು ಬಂದು ನನ್ನ ಕೇಳ್ತಾರ. ಓದಾಕ ಬಂದವರು ಕಲ್ಲು ಖರೇ ಹೇಳ್ತೈತೋ ಇಲ್ಲೋ ಅಂತ ಬಂದು ಕೇಳ್ತಾರ."

ಬಡಿಸಿದ್ದು ಜೋಳದ ನುಚ್ಚು, ಮೊಸರು, ಅಂಚಿನಲ್ಲಿ ಒಂದಿಷ್ಟು ಅಗಸೆ ಚಟ್ನಿಪುಡಿ. ಸೂಜಿಯವಳು ಏಳು ಸೀಮೆಯ ಊಟ ಉಂಡವಳು. ತುಪ್ಪದಲ್ಲಿ ತೇಲುವುದನ್ನು ಉಂಡಿದ್ದಳು, ಹಬೆಯಲ್ಲಿ ಬೆಂದದ್ದನ್ನು ಉಂಡಿದ್ದಳು, ಹೆಸರು ಹೇಳಲು ಬಾರದ್ದನ್ನೂ ಉಂಡಿದ್ದಳು. ಆದರೆ ಈ ನುಚ್ಚು ಒಳಗಿಳಿದಾಗ ಅವಳ ಕಾಲುಗಳು ತಾವಾಗಿ ಚಾಚಿಕೊಂಡವು. ದಾರಿ ಕೇಳುವುದನ್ನು ಮರೆತು ಅಲ್ಲಿಯೇ ನಿದ್ದೆ ಹೋದಳು.

ಎದ್ದ ಮೇಲೆ, ಇದನ್ನು ಹೇಗೆ ಮಾಡುತ್ತೀ ಎಂದು ಕೇಳಿದಳು.

"ಜೋಳಕ್ಕ ನೀರು ಚಿಮುಕಿಸಿ ಕುಟ್ಟು. ಹೊಟ್ಟು ಕೇರು. ನೀರು ಕುದಿಯಾಕ ಹತ್ತಿದ ಮ್ಯಾಲ ಉಪ್ಪು ಹಾಕಿ ನುಚ್ಚು ಸುರುವು. ಗಂಟು ಕಟ್ಟದಂಗ ತಿರುವು. ಬೆಂದೈತಿ ಅನ್ನಿಸಿದಾಗ ಇಳಿಸಬ್ಯಾಡ. ಉರಿ ತೆಗೆದು ಕೆಂಡದ ಮ್ಯಾಲ ಬಿಡು. ಆರಿದ ಮ್ಯಾಲ ಮೊಸರು."

"ಇಷ್ಟೇ?"

"ಇಷ್ಟ. ಮತ್ತ ನಾಳೆನೂ ಮಾಡೂದು."

ನಿನಗೆ ಸಾಕಾಗುವುದಿಲ್ಲವೆ ಎಂದು ಸೂಜಿಯವಳು ಕೇಳಿದಳು. ಮನೆಯಲ್ಲಿ ಗಂಡ, ಮಕ್ಕಳು, ಹಲ್ಲಿಲ್ಲದ ಮಾವ. ಅದರ ಮೇಲೆ ದಾರಿ ತಪ್ಪಿದವರು.

"ಸಾಕಾಗ್ತೈತಿ. ದಿನಾ ಸಾಕಾಗ್ತೈತಿ. ನಾಳೆ ಒಲಿ ಹಚ್ಚೂದಿಲ್ಲ ಅಂತ ಮಲಗ್ತೀನಿ. ಆದರ ಮಲಗೂ ಮುಂದ ಒಂದು ಚಮಚ ಮೊಸರು ಹಾಲಿಗೆ ಹಾಕಿರ್ತೀನಿ. ಮುಂಜಾನೆ ನೋಡಿದರ ಗಡಿಗಿ ತುಂಬ ಮೊಸರು. ಅದು ನನ್ನ ಕೇಳೂದಿಲ್ಲ. ನುಚ್ಚು ಮಾಡದಿದ್ದರ ಹುಳಿ ಆಗ್ತೈತಿ. ಮಾಡ್ತೀನಿ."

ಹೀಗೆ ಹೇಳಿ ಅವಳು ಒಂದು ಕುಡಿಕೆಯಲ್ಲಿ ಸ್ವಲ್ಪ ಮೊಸರು ಹಾಕಿ, ಎಲೆ ಮುಚ್ಚಿ ಕಟ್ಟಿಕೊಟ್ಟಳು. ಸೂಜಿಯವಳು ಬದಲಿಗೆ ಒಂದು ಸೂಜಿ ಕೊಡಹೋದಳು. ಮನೆಯಾಕೆ ಕೈ ಹಿಂದೆಗೆದಳು.

"ನಮ್ಮ ಸೀಮ್ಯಾಗ ಹೆಪ್ಪು ಮಾರೂದಿಲ್ಲ, ದಾನಾನೂ ಕೊಡೂದಿಲ್ಲ. ಕಡ ಕೊಡ್ತೀವಿ. ಇಸಗೊಂಡವರು ಎಂದಾರ ಒಂದಿನ ತಾವಾಗಿ ತಂದು ಕೊಡಬೇಕು. ಕೊಟ್ಟವರು ಕೇಳಬಾರದು. ಕೇಳಿ ಇಸಗೊಂಡ ಹೆಪ್ಪಿಗೆ ಹಾಲು ಒಡೀತೈತಿ ಅಂತ ಹಿರೇರು ಹೇಳ್ಯಾರ."

"ಯಾರಾದರೂ ತಂದು ಕೊಟ್ಟಿದ್ದಾರೆಯೆ?"

"ಊರೆಲ್ಲ ನಮ್ಮ ಮನಿ ಹೆಪ್ಪ. ಯಾರೂ ತಂದಿಲ್ಲ. ನಮ್ಮಲ್ಲಿ ಇದ್ದ ಇರ್ತೈತಲ್ಲ, ಅದಕ್ಕ."

ಸೂಜಿಯವಳು ಕುಡಿಕೆ ಹಿಡಿದು ಹೊರಟಳು. ಅಂದಿನಿಂದ ಅವಳ ನಡಿಗೆ ಬದಲಾಯಿತು. ಮೊದಲು ಎಲ್ಲಿ ಕತ್ತಲಾದರೆ ಅಲ್ಲಿ ಉರುಳುತ್ತಿದ್ದಳು. ಈಗ ಹೊತ್ತು ಮುಳುಗುವ ಮೊದಲು ಹಾಲು ಸಿಗುವ ಊರು ಹುಡುಕಬೇಕಾಯಿತು. ಹಾಲು ಕಾಯಿಸಬೇಕು, ಬೆರಳು ತಾಳುವಷ್ಟು ಆರಿಸಬೇಕು, ಹೆಪ್ಪು ಹಾಕಬೇಕು, ಮುಂಜಾನೆ ಉಣ್ಣುವ ಮೊದಲು ಒಂದು ಚಮಚ ತೆಗೆದಿಡಬೇಕು. ಗಂಡನ ಮನೆ ಬಿಟ್ಟು ಬಂದವಳು ಈಗ ಒಂದು ಕುಡಿಕೆಗೆ ಬಾಳ್ವೆ ಮಾಡುತ್ತಿದ್ದೇನೆ ಎಂದು ಗೊಣಗುತ್ತಿದ್ದಳು. ಧರ್ಮಶಾಲೆಗಳಲ್ಲಿ ಜೊತೆಗೆ ಇಳಿದವರು ಅವಳ ನುಚ್ಚಿಗೆ ಕೈಯೊಡ್ಡಿದರು. ಉಂಡವರು ಹೆಪ್ಪು ಕೇಳಿದರು. ಕೊಟ್ಟಳು. ಇದು ಕಡ ಎಂದು ಹೇಳುವುದನ್ನು ಮಾತ್ರ ಬಿಡುತ್ತಿರಲಿಲ್ಲ. ಅವರು ತಲೆಯಾಡಿಸಿ ಹೋಗುತ್ತಿದ್ದರು. ತಾನೂ ಹಾಗೆಯೇ ತಲೆಯಾಡಿಸಿ ಬಂದವಳು ಎಂಬುದು ಅವಳಿಗೆ ನೆನಪಿರಲಿಲ್ಲ.

ಬಹಳ ವರ್ಷಗಳಾದವು. ಸೂಜಿಯವಳು ಇನ್ನೊಮ್ಮೆ ದಾರಿ ತಪ್ಪಿದಳು. ದಾರಿ ಮೂರಾಗಿ ಒಡೆಯುವಲ್ಲಿ ಅದೇ ಮನೆ ಕಂಡಿತು. ಅವಳಿಗೆ ಸಂತೋಷವಾಯಿತು. ಇನ್ನೇನು ಉಂಡು ಹೋಗು ಎನ್ನುತ್ತಾಳೆ ಎಂದು ಕಾಲು ತೊಳೆದುಕೊಂಡು ಕಟ್ಟೆ ಹತ್ತಿದಳು. ದಾರಿ ಕೇಳಿದಳು.

"ಎಡಕ್ಕ" ಎಂದಳು ಮನೆಯಾಕೆ. ಮತ್ತೇನೂ ಹೇಳಲಿಲ್ಲ. ಒಳಗೆ ಹೋದಳು.

ಸೂಜಿಯವಳಿಗೆ ಸ್ವಲ್ಪ ಬೇಸರವಾಯಿತು. ಆದರೆ ಕಾಲುಗಳು ಸೋತಿದ್ದವು. ಅಲ್ಲಿಯೇ ಕುಳಿತು ತನ್ನ ಗಂಟು ಬಿಚ್ಚಿದಳು. ಮುಂಜಾನೆಯ ನುಚ್ಚು ಇತ್ತು, ಕುಡಿಕೆಯಲ್ಲಿ ಮೊಸರು ಇತ್ತು. ಕಟ್ಟೆಯ ಆ ತುದಿಯಲ್ಲಿ ಹೊರಸಿನ ಮೇಲೆ ಮನೆಯ ಮಾವ ಮಲಗಿದ್ದ. ಮೈಯಲ್ಲಿ ಎಲುಬು ಬಿಟ್ಟು ಏನೂ ಉಳಿದಿರಲಿಲ್ಲ. ಎಲೆ ತೆಗೆದದ್ದೇ ತಡ, ಅವನ ಮೂಗು ಈ ಕಡೆ ತಿರುಗಿತು.

ಮನೆಯಾಕೆ ಬಾಗಿಲಿಗೆ ಬಂದಳು. ಕುಡಿಕೆಯನ್ನು ನೋಡಿದಳು. ಮುಖ ಆಚೆ ತಿರುಗಿಸಿದಳು.

"ಮೊಸರೇನವ್ವಾ ಅದು?" ಎಂದ ಮುದುಕ.

"ಮಾವಾ, ಸುಮ್ಮನಿರ್ರಿ."

"ಸೊಸಿ ಹೇಳೂದಿಲ್ಲ, ನಾ ಹೇಳ್ತೀನಿ. ಆಕಿಗೆ ಮರ್ಯಾದಿ ಐತಿ. ನನಗ ಹಲ್ಲ ಇಲ್ಲ, ಮರ್ಯಾದಿ ಎಲ್ಲಿಂದ ತರ್ಲಿ? ನಮ್ಮ ಮನಿಯಾಗ ಹೆಪ್ಪು ಸತ್ತೈತಿ. ಎಮ್ಮಿ ಹಾಲು ಕೊಡ್ತೈತಿ, ಕುಡಿದರ ನನ್ನ ಹೊಟ್ಟಿ ತಡ್ಕೊಳ್ಳೂದಿಲ್ಲ. ರೊಟ್ಟಿ ಅಗಿಯಾಕ ಆಗೂದಿಲ್ಲ. ಬರೇ ನುಚ್ಚು ಗಂಟಲಾಗ ನಿಲ್ತೈತಿ. ಇನ್ನ ಎಷ್ಟು ದಿನಾನೋ."

ಹೇಗೆ ಸತ್ತಿತು ಎಂದು ಸೂಜಿಯವಳು ಕೇಳಿದಳು. ಮನೆಯಾಕೆ ಹೊಸ್ತಿಲ ಮೇಲೆ ಕುಳಿತಳು.

ಆ ಮನೆಗೆ ಜ್ವರ ಬಂದಿತ್ತು. ಒಬ್ಬರು ಎದ್ದರೆ ಒಬ್ಬರು ಮಲಗಿದರು. ಅವಳು ಎಲ್ಲರಿಗೂ ಬೇಯಿಸಿದಳು, ಎಲ್ಲರಿಗೂ ಉಣಿಸಿದಳು. ಒಂದು ಸಂಜೆ ಎಲ್ಲರದೂ ಮುಗಿದಾಗ, ಹೆಪ್ಪಿಗೆಂದು ತೆಗೆದಿಟ್ಟ ಒಂದು ಚಮಚ ಮೊಸರು ಬಿಟ್ಟು ಮನೆಯಲ್ಲಿ ಬೇರೇನೂ ಇರಲಿಲ್ಲ. ಅವಳ ಮೈಯೂ ಕಾದಿತ್ತು. ಬಾಯಿ ಒಣಗಿತ್ತು.

"ನಾನ ತಿಂದೆ" ಎಂದಳು ಮನೆಯಾಕೆ. "ಒಂದ ದಿನ. ಒಂದ ಚಮಚ. ಹುಣಸಿಹಣ್ಣು ಹಾಕಿ ನೋಡಿದೆ, ಹಾಲು ಒಡೀತು. ಅಲ್ಲಿಗೆ ಮುಗೀತು."

"ಊರಲ್ಲಿ ಯಾರನ್ನಾದರೂ ಕೇಳಬಹುದಿತ್ತು."

"ಕೊಟ್ಟ ಮನಿ ಕೇಳಬಾರದು."

ದಿನವೂ ಊರಿನ ಹೆಂಗಸರು ಮೊಸರಿನ ಗಡಿಗೆ ಹೊತ್ತು ಆ ಮನೆಯ ಮುಂದೆಯೇ ಸಂತೆಗೆ ಹೋಗುತ್ತಿದ್ದರು. ಆ ಗಡಿಗೆಗಳಲ್ಲಿ ಇದ್ದದ್ದು ಈ ಮನೆಯ ಹೆಪ್ಪೇ. ಹೇಗಿದ್ದೀ ಅಕ್ಕಾ ಎನ್ನುತ್ತಿದ್ದರು, ಮುಂದೆ ಹೋಗುತ್ತಿದ್ದರು. ಅವರು ಕೆಟ್ಟವರಲ್ಲ. ಕೊಡುವ ಮನೆಯಲ್ಲಿ ಇಲ್ಲದೆ ಹೋದೀತು ಎಂಬುದು ಅವರಿಗೆ ಹೊಳೆದಿರಲಿಲ್ಲ. ಒಂದು ಮಾತು ಕೇಳಿದ್ದರೆ ಗಡಿಗೆಯನ್ನೇ ಇಳಿಸಿ ಹೋಗುತ್ತಿದ್ದರು. ಇವಳು ಕೇಳಲಿಲ್ಲ. ಹಿರಿಯರು ಹೇಳಿದ್ದನ್ನು ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಹೊರಸಿನ ಮೇಲೆ ಮಾವ ಸವೆಯುತ್ತಿದ್ದ.

ಸೂಜಿಯವಳು ಕೈಯಲ್ಲಿದ್ದ ಕುಡಿಕೆಯನ್ನು ನೋಡಿದಳು. ಆಗ ಅವಳಿಗೆ ನೆನಪಾಯಿತು. ತಾನೂ ಉಣ್ಣಲೆಂದೇ ಈ ಕಟ್ಟೆ ಹತ್ತಿದ್ದೆ ಎಂಬುದೂ ನೆನಪಾಯಿತು.

"ತಗೋ. ನಿನ್ನ ಕಡ" ಎಂದಳು.

"ನಾ ಕೇಳಿಲ್ಲ."

"ನೀನು ಕೇಳಿಲ್ಲ. ನಾನೇ ತಂದಿದ್ದೇನೆ."

ಅದು ಪೂರ್ತಿ ನಿಜವಾಗಿರಲಿಲ್ಲ. ದಾರಿ ತಪ್ಪಿ ಬಂದವಳು ತಂದದ್ದು. ಆದರೆ ಹಾಲಿಗೆ ಅದು ತಿಳಿಯುವುದಿಲ್ಲ. ಸಂಜೆ ಹಾಲು ಕಾಯಿಸಿದರು, ಆರಿಸಿದರು, ಹೆಪ್ಪು ಹಾಕಿದರು. ಸೂಜಿಯವಳು ಅಲ್ಲಿಯೇ ಉಳಿದಳು. ಮುಂಜಾನೆ ಗಡಿಗೆ ಓರೆ ಮಾಡಿ ನೋಡಿದಾಗ ಮೊಸರು ಅಲುಗಲಿಲ್ಲ, ಗಟ್ಟಿಯಾಗಿ ನಿಂತಿತ್ತು. ಮನೆಯಾಕೆ ಎಲ್ಲಕ್ಕಿಂತ ಮೊದಲು ಒಂದು ಚಮಚ ತೆಗೆದು ಬೇರೆ ಇಟ್ಟಳು. ಆಮೇಲೆ ನುಚ್ಚು ಬೇಯಿಸಿ, ಕೆಂಡದ ಮೇಲೆ ಬಿಟ್ಟು, ಆರಿಸಿ, ಮೊಸರು ಕಲಸಿ ಮಾವನ ಮುಂದೆ ಇಟ್ಟಳು.

ಮುದುಕ ಉಂಡ. ತಟ್ಟೆ ಬಳಿದು ಬೆರಳು ನೆಕ್ಕಿದ.

"ಉಪ್ಪು ಕಡಿಮಿ ಆಗೇತಿ. ಇನ್ನೊಂದಿಷ್ಟು ಹಾಕು" ಎಂದ.

"ಉಪ್ಪೋ, ನುಚ್ಚೋ?"

"ಎರಡೂ" ಎಂದ ಮುದುಕ.

ಸೂಜಿಯವಳು ತನ್ನ ಪಾಲು ಉಂಡು, ಎಡದ ದಾರಿ ಹಿಡಿದು ಹೋದಳು.

ಗುರುತಾಯಿ ಕತೆ ನಿಲ್ಲಿಸಿದರು. ಫಕೀರವ್ವ ಸೆರಗಿನ ತುದಿಯನ್ನು ಸುತ್ತುತ್ತ ಕುಳಿತಿದ್ದಳು.

"ಅಂದರ ನಾ ಇಲ್ಲೇ ಕುಂತು ಬೇಯಿಸಬೇಕು ಅಂತೀರಿ" ಎಂದಳು.

"ನಾನು ಹಾಗೆ ಹೇಳಲಿಲ್ಲ. ಗಂಟು ಬಿಚ್ಚು ಎಂದೂ ಹೇಳಿಲ್ಲ."

ಫಕೀರವ್ವ ಸುತ್ತಿದ ಸೆರಗನ್ನು ಬಿಟ್ಟಳು.

"ಮಾವ ಉಂಡ. ಸೂಜಿಯಾಕಿ ಉಂಡಳು. ಆ ಮನಿಯಾಕಿ ಉಂಡಳೇನ್ರಿ?"

"ನನಗೆ ಕತೆ ಹೇಳಿದವರು ಅದನ್ನು ಹೇಳಲಿಲ್ಲ. ಈ ಕತೆಯನ್ನು ಬಹಳ ಊರುಗಳಲ್ಲಿ ಹೇಳಿದ್ದೇನೆ. ಅದನ್ನು ಕೇಳಿದವಳು ನೀನೇ ಮೊದಲು."

ಗುರುತಾಯಿ ಕಂಬ ಹಿಡಿದು ಮೇಲೆದ್ದರು. ಮೊಣಕಾಲು ನೆಟ್ಟಗಾಗುವವರೆಗೆ ನಿಂತರು. ಆಮೇಲೆ ಒಳಗೆ ಹೋಗಿ, ಬಳಿದಿಟ್ಟ ಗಡಿಗೆಯನ್ನು ನೋಡಿ, ಒಲೆಯ ಬೂದಿ ಸರಿಸಿ ಕೆಂಡ ಊದಿದರು.

"ಈ ಮನೆಯಲ್ಲಿ ನಾನು ಎಷ್ಟು ಸಲ ಉಂಡಿದ್ದೇನೋ, ನೀನು ಉಂಡದ್ದನ್ನು ಒಮ್ಮೆಯೂ ನೋಡಿಲ್ಲ. ನುಚ್ಚು ಎಲ್ಲಿಟ್ಟಿದ್ದೀ, ಹೇಳು."

ಫಕೀರವ್ವ ಗೋಡೆಯ ಗೂಡಿನ ಕಡೆ ಕೈ ತೋರಿಸಿದಳು.