ಕಂಬಳಿಯ ತುಪ್ಪಳ

“ಅಜ್ಜಾರ, ನನ್ನ ಮಗಳು ಸಾಲ್ಯಾಗ ಕೈ ಎತ್ತೂದ ಬಿಟ್ಟಾಳ್ರೀ. ಮೈಮ್ಯಾಲಿನ ತುಪ್ಪ...”

ಆ ದಿನ ನಾನು ಆಡಿದ ಮಾತು ಯಾವುದು? ತುಪ್ಪುಡಿಯೇ? ಅಲ್ಲ. ನನ್ನ ತವರಿನ ಮುದುಕಿಯರು ತುಪ್ಪಟ ಎನ್ನುತ್ತಿದ್ದರು. ಗಂಡನ ಊರಿನಲ್ಲಿ ತುಪ್ಪಳ. ಕುರಿಮರಿಯ ಮೈಮೇಲೆ ಇರುವ ನವಿರು ಕೂದಲಿಗೂ ಹಸುಗೂಸಿನ ಬೆನ್ನಿನ ಮೇಲೆ ಇರುವುದಕ್ಕೂ ಒಂದೇ ಮಾತು. ಈ ಜಬಲ್ಪುರಕ್ಕೆ, ಮಗಳ ಮನೆಗೆ ಬಂದು ಹನ್ನೊಂದು ವರ್ಷವಾಯಿತು. ಆ ಮಾತನ್ನು ನನ್ನೊಡನೆ ಆಡುವವರು ಇಲ್ಲಿ ಯಾರೂ ಇಲ್ಲ. ಆಡದ ಮಾತು ನಾಲಿಗೆಯ ಮೇಲೆ ಸವೆದುಹೋಗುತ್ತದೆ. ತುಪ್ಪಳ ಎಂದೇ ಇಟ್ಟುಕೊಳ್ಳುತ್ತೇನೆ.

“ಮೈಮ್ಯಾಲಿನ ತುಪ್ಪಳಕ್ಕ ನಾಚ್ಕೊಂಡು ಕೈ ಎತ್ತೂದ ಬಿಟ್ಟಾಳ್ರೀ. ಅಕಿಗೆ ನಾ ಏನು ಹೇಳ್ಲಿ?” ಎಂದು ಕೇಳಿದೆ.

ನಮ್ಮ ಕಡೆಯ ಒಂದು ಸಣ್ಣ ಮಠದ ಸ್ವಾಮಿಗಳನ್ನು ಎಲ್ಲರೂ ಅಜ್ಜಾರು ಎಂದೇ ಕರೆಯುತ್ತಿದ್ದರು. ಅವರು ಮೊರದಲ್ಲಿ ಹೆಸರುಕಾಳು ಹಸನು ಮಾಡುತ್ತಾ ಕೂತಿದ್ದರು. ಮೊರವನ್ನು ಬದಿಗಿಟ್ಟರು.

“ಏನಾತು, ಮೊದಲಿಂದ ಹೇಳು.”

ಹೇಳಿದೆ. ನನ್ನ ಮಗಳು ನೀಲಗಂಗಾ ಆಗ ಮೂರನೆಯ ಇಯತ್ತೆಯಲ್ಲಿದ್ದಳು. ಎಂಟು ವರ್ಷ. ಹುಟ್ಟಿದಾಗಿನಿಂದ ಅವಳ ಕೈಕಾಲಿನ ಮೇಲೆ, ಬೆನ್ನಿನ ಮೇಲೆ, ತುಟಿಯ ಮೇಲೆ ಕಪ್ಪು ತುಪ್ಪಳ. ಒಂದು ದಿನ ಬದಿಯಲ್ಲಿ ಕೂತ ಹುಡುಗಿ ಅವಳ ಮುಂಗೈಯ ಮೇಲೆ ಬೆರಳಾಡಿಸಿ “ಕರಡಿ” ಎಂದಳಂತೆ. ಎಲ್ಲರೂ ನಕ್ಕರಂತೆ. ಅಂದಿನಿಂದ ಮಗಳು ಬಿಸಿಲಿನಲ್ಲೂ ಅಣ್ಣನ ಉದ್ದ ತೋಳಿನ ಅಂಗಿ ಹಾಕಿಕೊಂಡು ಹೋಗುತ್ತಿದ್ದಳು. ಅಕ್ಕೋರು ಪ್ರಶ್ನೆ ಕೇಳಿದರೆ ಅವಳಿಗೆ ಉತ್ತರ ಗೊತ್ತು. ಆದರೆ ಕೈ ಎತ್ತಿದರೆ ಅಂಗಿಯ ತೋಳು ಕೆಳಗೆ ಜಾರುತ್ತದೆ. ಅದಕ್ಕೆ ಎತ್ತುವುದಿಲ್ಲ. ಬಿಡುವಿನಲ್ಲಿ ಹುಡುಗಿಯರು ಕೈ ಹಿಡಿದು ಫುಗಡಿ ಆಡುವಾಗ ಗೋಡೆಗೆ ಒರಗಿ ನಿಲ್ಲುತ್ತಾಳೆ. ಮನೆಗೆ ಬಂದ ಮೇಲೆ, ಅಕ್ಕೋರು ಕೇಳಿದ ಪ್ರಶ್ನೆಗಳ ಉತ್ತರವನ್ನೆಲ್ಲ ಒಬ್ಬಳೇ ಹಿತ್ತಲಿನ ಗೋಡೆಗೆ ಹೇಳುತ್ತಾಳೆ. ಒಂದೂ ತಪ್ಪಿರುವುದಿಲ್ಲ.

“ನಾಳಿ ಒಂದಿನ ಉತ್ತರ ಹೇಳೂದನ್ನೂ ಬಿಡ್ತಾಳ್ರೀ ಅಜ್ಜಾರ. ಗೋಡಿಗೂ ಹೇಳಂಗಿಲ್ಲ. ನನಗ ಅದ ಅಂಜಿಕಿ” ಎಂದೆ.

“ನೀನು ಇಷ್ಟು ದಿವಸ ಏನು ಮಾಡಿದಿ?”

ಆ ಪ್ರಶ್ನೆಗೆ ನನಗೆ ಸಂತೋಷವೇ ಆಯಿತು. ನಾನು ಕೈಕಟ್ಟಿ ಕೂತವಳಲ್ಲ ಎಂದು ತೋರಿಸಬೇಕಿತ್ತು.

“ನಾ ಏನೂ ಬಿಟ್ಟಿಲ್ಲ್ರೀ. ಬಾಣಂತನದಾಗ ನಮ್ಮತ್ತಿ ಸುರು ಮಾಡಿದ್ರು. ಕಡಲಿಹಿಟ್ಟು, ಅರಿಷಿಣ, ಹಾಲಿನ ಕೆನಿ. ಗಟ್ಟಿಯಾಗಿ ನಾದಿ ಉಂಡಿ ಮಾಡಿ, ತುಪ್ಪಳದ ಎದುರಿಗೆ ಉಜ್ಜೂದು. ಒಂದು ಐತಾರ ತಪ್ಪಿಸಿಲ್ಲ. ಕೈ ಕೆಂಪಗ ಆಗೂತನಕ ಉಜ್ಜತೀನಿ. ಮೊದಲ ಭಾಳ ಅಳತಿದ್ಲು. ಈಗ ಅಳಂಗಿಲ್ಲ. ತಾನ ಕೈ ಚಾಚಿ ನಿಂದರ್ತಾಳ, ಪಾಪ. ಭಾಳ ಶಾಣ್ಯಾಕಿ.”

ಮಗಳು ಹೊರಗೆ ಜಗುಲಿಯ ಮೇಲೆ ಕೂತಿದ್ದಳು. ಅವಳಿಗೆ ನಮ್ಮ ಮಾತು ಕೇಳಿಸುತ್ತಿರಲಿಲ್ಲ. ಅಜ್ಜಾರು ಅವಳ ಕಡೆ ಒಮ್ಮೆ ನೋಡಿ, ನನ್ನ ಕಡೆ ತಿರುಗಿ ಈ ಕತೆ ಹೇಳಿದರು.

ಒಬ್ಬ ನೇಕಾರನಿದ್ದ. ಕಂಬಳಿ ನೇಯುವವನು. ಆ ಕಸುಬಿನಲ್ಲಿ ಹೆಂಗಸರು ಉಣ್ಣೆ ನೂಲುತ್ತಾರೆ, ಗಂಡಸರು ನೇಯುತ್ತಾರೆ. ನೇಕಾರ ತೀರಿಕೊಂಡ. ಹೆಂಡತಿ ಉಳಿದಳು. ಮಗ್ಗ ಉಳಿಯಿತು. ಮಕ್ಕಳಿರಲಿಲ್ಲ.

ಗಂಡನ ಅಣ್ಣ ಬಂದು ಮಗ್ಗ ಕೇಳಿದ. “ನೀನು ನೂಲುವಾಕಿ. ನಿನಗ್ಯಾಕ ಮಗ್ಗ?” ಎಂದ.

“ನಾನೂ ನೇಯತೀನಿ” ಎಂದಳು.

“ಹೆಂಗಸು ನೇಯ್ದ ಕಂಬಳಿ ಯಾರು ಹೊದಿತಾರ?”

“ಒಂದು ನೇಯತೀನಿ, ಭಾವಾ. ಸಂತಿಗೆ ಒಯ್ಯತೀನಿ. ಯಾರೂ ಹೊದಿಯದಿದ್ರ ಮಗ್ಗ ನೀವ ಒಯ್ರಿ.”

ಅವಳು ಉಣ್ಣೆ ತಂದಳು. ನೂತಳು. ಹುಣಸೆಬೀಜ ಕುದಿಸಿ ಗಂಜಿ ಮಾಡಿ ಹಾಸು ನೂಲಿಗೆ ಸವರಿ ಒಣಗಿಸಿದಳು. ಗಂಡ ಕೂರುತ್ತಿದ್ದ ಮಗ್ಗದ ಗುಣಿಯಲ್ಲಿ ಇಳಿದು ಕೂತು ನೇಯ್ದಳು. ಮಾತಾಡಿಸುವವರು ಯಾರೂ ಇರಲಿಲ್ಲ. ಎರಡು ತಿಂಗಳಿಗೆ ಒಂದು ಕಂಬಳಿಯಾಯಿತು. ಚೆನ್ನಾಗಿಯೇ ಆಯಿತು. ಹೊಸ ಕಂಬಳಿಗೆ ಇರುವಷ್ಟು ತುಪ್ಪಳ ಅದಕ್ಕೂ ಇತ್ತು.

ಆದರೆ ಅದು ಅವಳ ಒಂದೇ ಕಂಬಳಿ. ಅದನ್ನು ನೋಡಿ ನೋಡಿ ಅವಳ ಕಣ್ಣಿಗೆ ತುಪ್ಪಳ ಬಿಟ್ಟು ಬೇರೇನೂ ಕಾಣದಾಯಿತು. ಸಂತೆಯಲ್ಲಿ ಅದನ್ನು ಹಾಸಿಕೊಂಡು ಕೂತಾಗ ಒಂದೊಂದೇ ಎಳೆಯನ್ನು ಬೆರಳಿನಿಂದ ಕೀಳತೊಡಗಿದಳು. ಒಂದು ಕಿತ್ತರೆ ಅದರ ಪಕ್ಕದಲ್ಲಿ ಇನ್ನೊಂದು ಕಾಣುತ್ತಿತ್ತು.

ಒಬ್ಬ ರೈತ ಬಂದ. ಕಂಬಳಿಯನ್ನು ಹೆಗಲ ಮೇಲೆ ಹಾಕಿಕೊಂಡ. ಉದ್ದ ನೋಡಿದ, ಅಗಲ ನೋಡಿದ. ಮುಖದಲ್ಲಿ ಮೆಚ್ಚುಗೆ ಇತ್ತು. ಅವಳು ಎದ್ದು ನಿಂತು ಅವನ ಹೆಗಲ ಮೇಲಿದ್ದ ಕಂಬಳಿಯಿಂದ ಎಳೆ ಕೀಳತೊಡಗಿದಳು. ಅವನು ಕಂಬಳಿ ನೋಡುವುದನ್ನು ಬಿಟ್ಟು ಅವಳ ಬೆರಳು ನೋಡಿದ.

“ಏನು ಆರಸಾಕತ್ತಿ, ಯಕ್ಕಾ? ಹೇನು ಗೀನು ಅದಾವೇನು?”

“ಏನಿಲ್ಲಪ್ಪಾ. ತುಸು ತುಪ್ಪಳ ಅಷ್ಟ.”

ಅವನು ಕಂಬಳಿಯನ್ನು ಹೆಗಲಿನಿಂದ ಇಳಿಸಿದ. “ಇನ್ನೊಂದು ಸುತ್ತು ಹಾಕಿ ಬರತೀನಿ” ಎಂದು ಹೋದ. ಬರಲಿಲ್ಲ.

ಆಮೇಲೆ ಒಬ್ಬ ವರ್ತಕ ಬಂದ. ಈ ಸಲ ಅವಳು ಮೊದಲೇ ಕಂಬಳಿಯನ್ನು ಮಡಚಿ, ತುಪ್ಪಳ ಹೆಚ್ಚಿದ್ದ ಮಗ್ಗುಲನ್ನು ಒಳಗೆ ಹಾಕಿದ್ದಳು. ಅವನು ಕೇಳುವ ಮುಂಚೆಯೇ “ನಾಕು ಸಲ ಒಗೆದ್ರ ಹೋಗ್ತೈತ್ರೀ” ಎಂದಳು.

“ಏನು ಹೋಗ್ತೈತಿ?” ಎಂದು ಕೇಳಿ, ಅವನು ಮಡಿಕೆ ಬಿಚ್ಚಿ ಒಳಗಿನ ಮಗ್ಗುಲನ್ನೇ ನೋಡಿದ. ಅವನೂ ಹೋದ.

ಬದಿಯ ಅಂಗಡಿಯಲ್ಲಿ ಒಬ್ಬ ಮುದುಕ ಕಂಬಳಿ ಮಾರುತ್ತಿದ್ದ. ಮಧ್ಯಾಹ್ನದೊಳಗೆ ಅವನ ಕಂಬಳಿಗಳೆಲ್ಲ ಹೋಗಿದ್ದವು. ಅವನು ಬುತ್ತಿ ಬಿಚ್ಚಿ ಊಟಕ್ಕೆ ಕೂತ. ಅವಳಿಗೆ ತಡೆಯಲಾಗಲಿಲ್ಲ.

“ಯಪ್ಪಾ, ನಿನ್ನ ಕಂಬಳಿಗೂ ತುಪ್ಪಳ ಇತ್ತು. ನಂದರಕಿಂತ ಹೆಚ್ಚ ಇತ್ತು. ಜನ ನನ್ನ ಕಂಬಳಿ ಯಾಕ ಒಲ್ಲರು?”

ಮುದುಕ ರೊಟ್ಟಿ ಮುರಿಯುತ್ತಾ ಹೇಳಿದ: “ನಿನ್ನ ಕಂಬಳಿನ ಅವರು ಎಲ್ಲಿ ನೋಡಿದ್ರವ್ವಾ? ನಿನ್ನ ಬೆರಳು ನೋಡಿದ್ರು.”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. ಅವು ಆಗಲೂ ಎಳೆ ಕೀಳುತ್ತಿದ್ದವು.

ಅವಳು ಕಂಬಳಿಯನ್ನು ಬಿಚ್ಚಿ ಹಾಸಿದಳು. ಎರಡೂ ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕೂತಳು. ಕೈ ಸುಮ್ಮನಿಡುವುದು ನೇಯುವುದಕ್ಕಿಂತ ಕಷ್ಟವಾಯಿತು. ಮೋಡ ಕವಿಯಿತು. ಸಂತೆ ಕರಗತೊಡಗಿತು. ದನ ಹೊಡೆದುಕೊಂಡು ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, ಕಂಬಳಿಯನ್ನು ಎತ್ತಿ ತಲೆಯ ಮೇಲೆ ಹಾಕಿಕೊಂಡಳು. ತುಪ್ಪಳದ ಮಾತನ್ನೇ ಎತ್ತಲಿಲ್ಲ. “ಬೆಚ್ಚಗೈತಿ” ಎಂದಳು. ದುಡ್ಡು ಕೊಟ್ಟು ಹೊದ್ದುಕೊಂಡೇ ಹೋದಳು.

ಕಂಬಳಿ ನೇಯ್ದವಳು ಮಳೆಯಲ್ಲಿ ನೆನೆಯುತ್ತಾ ಮನೆಗೆ ಬಂದಳು. ಭಾವ ಬಾಗಿಲಲ್ಲಿ ಕಾಯುತ್ತಿದ್ದ. ಅವಳ ಬರಿ ಹೆಗಲನ್ನು ನೋಡಿದ. ಮಗ್ಗವನ್ನು ಕೇಳದೆ ಹೋದ.

ಅಜ್ಜಾರು ಕತೆ ನಿಲ್ಲಿಸಿ ಮೊರವನ್ನು ಮತ್ತೆ ತೊಡೆಯ ಮೇಲೆ ಎಳೆದುಕೊಂಡರು.

ನನಗೆ ಸಮಾಧಾನವಾಗಲಿಲ್ಲ. ನಾನು ಎರಡು ಹರದಾರಿ ನಡೆದು ಬಂದದ್ದು ಕಂಬಳಿಯ ಕತೆಗಲ್ಲ. ಮಗಳಿಗೆ ಹೇಳಲು ಒಂದು ಮಾತು ಬೇಕಿತ್ತು. ನಾಳೆ ಸಾಲೆಗೆ ಹೋಗುವ ಮುಂಚೆ ಅವಳ ಕಿವಿಯಲ್ಲಿ ಹೇಳಿ ಕಳಿಸುವಂಥ ಮಾತು.

“ಸಂತ್ಯಾಗಿನ ಜನ ಹಂಗ ಇರ್ತಾರ, ಖರೆ. ಸಾಲಿ ಹುಡುಗ್ಯಾರೂ ಹಂಗ” ಎಂದೆ. “ಆದ್ರ ನಾ ಮಗಳಿಗೆ ಏನು ಹೇಳ್ಲಿ ಅನ್ನೂದು ನೀವು ಹೇಳ್ಲೇ ಇಲ್ಲ್ರೀ.”

ಅಜ್ಜಾರು ಮೊರದಿಂದ ತಲೆ ಎತ್ತಲಿಲ್ಲ.

“ತಂಗೀ, ಹಿಟ್ಟು ಹತ್ತಲಾರದ ಕೈಲೆ ನೀ ಆಕಿ ಕೈ ಹಿಡಿದು ಎಷ್ಟು ದಿವಸ ಆತು?”

ನಾನು ಎಣಿಸಿದೆ. ಐತಾರಗಳನ್ನು, ಹಿಟ್ಟು ಉಜ್ಜುವ ಆ ಭಾನುವಾರಗಳನ್ನು ಬಿಟ್ಟು ಉಳಿದ ದಿನಗಳಲ್ಲಿ ಹುಡುಕಿದೆ. ಊಟಕ್ಕೆ ಕೂರಿಸುವಾಗ ಅಂಗಿ ಹಿಡಿದು ಎಳೆದದ್ದು ನೆನಪಾಯಿತು. ಜಡೆ ಹಾಕುವಾಗ ತಲೆ ಹಿಡಿದದ್ದು ನೆನಪಾಯಿತು. ಕೈ ಹಿಡಿದದ್ದು ನೆನಪಾಗಲಿಲ್ಲ. ನಮಸ್ಕಾರ ಮಾಡಿ ಎದ್ದೆ.

ಜಗುಲಿಗೆ ಬಂದೆ. ಮಗಳು ಎದ್ದು ನಿಂತಳು. ನಾನು ಅವಳ ಕೈಗೆ ಕೈ ಚಾಚಿದೆ.

ಅವಳು ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿದಳು. ಮುಂಗೈಯನ್ನು ನನ್ನ ಮುಂದೆ ನೀಡಿ, ಕಣ್ಣು ಮುಚ್ಚಿಕೊಂಡು ನಿಂತಳು. ಐತಾರ ನಿಲ್ಲುವ ಹಾಗೆ.

ಈಶಾನಿ, ಇಷ್ಟನ್ನು ಬರೆದುಕೋ. ಕನ್ನಡ ಅಕ್ಷರ ಬರದಿದ್ದರೆ ನಿನಗೆ ಬರುವ ಅಕ್ಷರದಲ್ಲೇ ಬರೆ, ಮಾತು ನನ್ನದೇ ಇರಲಿ. ನಿನ್ನ ಅಮ್ಮ ನೀಲಗಂಗಾ ಆ ದಿನ ಜಗುಲಿಯ ಮೇಲಿದ್ದಳು, ಅವಳಿಗೆ ಕತೆ ಕೇಳಿಸಿಲ್ಲ. ನಾನು ಇಷ್ಟು ವರ್ಷ ಹೇಳಿಲ್ಲ. ಭಾನುವಾರ ಅವಳು ನಿನ್ನ ಕೈಯ ತುಪ್ಪಳಕ್ಕೆ ಹಚ್ಚುವ ಆ ಕ್ರೀಮಿನ ಡಬ್ಬಿ ತೆಗೆಯುವ ಮುಂಚೆ ನೀನೇ ಓದಿ ಹೇಳು. ತಪ್ಪು ನನ್ನದೆಂದು ಮೊದಲು ಹೇಳು, ಆಮೇಲೆ ಕತೆ. ಬಲಗೈಯಲ್ಲಿ ಬರೆ, ಮಗಾ. ಎಡಗೈ ಇತ್ತ ಕೊಡು, ನನ್ನ ಹತ್ತಿರ ಇರಲಿ.