ಆಸರೆಗೆ ನಿಂತವನು

ಹೊಳೆದಂಡೆಯ ಆ ಗುರುವಿಗೆ ಗಡ್ಡವೂ ಇರಲಿಲ್ಲ, ಕಾವಿಯೂ ಇರಲಿಲ್ಲ. ಇದ್ದದ್ದು ಒಂದು ತಗಡಿನ ಶೆಡ್ಡು, ಒಂದು ಗಾಳಿ ಪಂಪು, ಮತ್ತೆ ಮನುಷ್ಯರನ್ನು ಸೈಕಲ್ ಸಮೇತ ಬಂಡೆ ಹತ್ತಿಸುವ ಹುಚ್ಚು.

ಹೆಸರು ಹುಸೇನಪ್ಪ. ಶಿಷ್ಯರು ಉಸ್ತಾದ್ ಎನ್ನುತ್ತಿದ್ದರು. ಊರಿನವರು ಆ ಶೆಡ್ಡನ್ನು ಆಶ್ರಮ ಎಂದು ಕರೆದು ನಗುತ್ತಿದ್ದರು. ಸೀಟೇ ಇಲ್ಲದ ಸೈಕಲ್ ಮೇಲೆ ನಿಂತು, ಬ್ರೇಕು ಬಿಗಿಹಿಡಿದು, ಕಪ್ಪೆಯ ಹಾಗೆ ಕಲ್ಲಿನಿಂದ ಕಲ್ಲಿಗೆ ಕುಪ್ಪಳಿಸುವುದನ್ನು ಕಂಡರೆ ಯಾರಾದರೂ ನಗಬೇಕಾದದ್ದೇ.

ಆ ವಿದ್ಯೆಗೆ ನಿಯಮ ಒಂದೇ. ಹತ್ತುವಾಗ ಕಾಲು ಎಲ್ಲೂ ಊರಬಾರದು. ಊರಿದರೆ ಹತ್ತಿದ್ದು ಲೆಕ್ಕಕ್ಕಿಲ್ಲ.

ಬಂಡೆಗಳಿಗೆಲ್ಲ ಹೆಸರಿತ್ತು. ಎದೆಯೆತ್ತರದ ಒಂದಕ್ಕೆ ಅತ್ತೆ ಎಂದು ಹೆಸರು. ಯಾವ ಕಡೆಯಿಂದ ಹೋದರೂ ಅದು ತಪ್ಪು ಹುಡುಕುತ್ತಿತ್ತು. ಅದರ ಮುಂದೆ ಮೆಟ್ಟಿಲಿನಂತೆ ಒಂದು ಚಿಕ್ಕ ಕಲ್ಲು. ಅಲ್ಲಿಂದ ಹಾರಬೇಕು.

ಯಂಕೋಬ ಮೂರು ವರ್ಷದ ಹಳೇ ಶಿಷ್ಯ. ಅದರಲ್ಲಿ ಒಂದು ಪೂರ್ತಿ ವರ್ಷ ಅತ್ತೆಯ ಮುಂದೆಯೇ ಕಳೆದಿದ್ದ. ಪ್ರತಿ ಸಲವೂ ಕೊನೇ ಗಳಿಗೆಯಲ್ಲಿ ಅವನ ಎಡಗಾಲು ಪೆಡಲ್ ಬಿಟ್ಟು ಕಲ್ಲಿಗೆ ಊರಿಕೊಳ್ಳುತ್ತಿತ್ತು.

ನಾಗವೇಣಿ ಬಂದು ಹತ್ತು ತಿಂಗಳಾಗಿತ್ತು. ಊರಲ್ಲಿ ರವಿಕೆ ಹೊಲಿಯುತ್ತಿದ್ದಳು, ಬೆಳಗಿನ ಹೊತ್ತು ಇಲ್ಲಿಗೆ ಬರುತ್ತಿದ್ದಳು. ಒಂದು ದಿನ ಅವಳು ಯಂಕೋಬನಿಗೆ ಹೇಳಿದಳು.

"ಅಣ್ಣ, ಇವತ್ತು ಅತ್ತಿ ಹತ್ತತೀನಿ. ಆಸರಕ್ಕ ನೀನ ನಿಂದ್ರು."

ದೊಡ್ಡ ಬಂಡೆ ಹತ್ತುವವರ ಕೆಳಗೆ ಒಬ್ಬರು ಎರಡೂ ಕೈ ಎತ್ತಿ ನಿಲ್ಲುವುದು ಅಲ್ಲಿಯ ವಾಡಿಕೆ. ಅದಕ್ಕೆ ಆಸರೆಗೆ ನಿಲ್ಲುವುದು ಎನ್ನುತ್ತಿದ್ದರು. ಸುಲಭದ ಕೆಲಸವಲ್ಲ ಅದು. ಸವಾರ ಇನ್ನೂ ಸಂಭಾಳಿಸಿಕೊಳ್ಳುತ್ತಿರುವಾಗ ಮುಟ್ಟಿದರೆ ಹತ್ತಿದ್ದು ಕೆಡುತ್ತದೆ. ಬೀಳುವಾಗ ಮುಟ್ಟದಿದ್ದರೆ ಸವಾರನೇ ಕೆಡುತ್ತಾನೆ. ಎರಡರ ನಡುವೆ ಇರುವುದು ಅರ್ಧ ಉಸಿರು.

ನಾಗವೇಣಿ ಚಿಕ್ಕ ಕಲ್ಲಿನ ಮೇಲೆ ಎರಡು ಸಲ ಪುಟಿದಳು. ಮೂರನೆಯದಕ್ಕೆ ಹಾರಿದಳು. ಹಿಂದಿನ ಚಕ್ರ ಅತ್ತೆಯ ಅಂಚನ್ನು ಕಚ್ಚಿತು. ಮುಂದಿನದು ಮೆಲ್ಲಗೆ ಇಳಿಯಿತು.

ಅವಳು ಮೇಲೆ ನಿಂತಿದ್ದಳು. ಎರಡೂ ಕಾಲು ಪೆಡಲ್ ಮೇಲೆಯೇ ಇದ್ದವು.

ಆಮೇಲೆ ಸೈಕಲ್ಲು ಯಂಕೋಬನ ಕಡೆಗೆ ವಾಲಿತು.

ಅವನ ಕೈಗಳು ಎತ್ತಿಯೇ ಇದ್ದವು. ಅವು ಅಲುಗಲಿಲ್ಲ.

ನಾಗವೇಣಿ ಅವನ ಪಕ್ಕದಲ್ಲೇ ಬಿದ್ದಳು. ಭುಜದ ಎಲುಬು ಮುರಿದ ಸದ್ದು ಅವನಿಗೆ ಸ್ಪಷ್ಟವಾಗಿ ಕೇಳಿಸಿತು.

ಉಳಿದವರು ಓಡಿ ಬಂದರು. ಎಲ್ಲರಿಗಿಂತ ಮುಂದೆ ದ್ಯಾಮಣ್ಣ ಇದ್ದ, ಯಂಕೋಬನ ಗೆಳೆಯ.

"ಏನಾತೋ?"

"ಸಂಭಾಳಿಸ್ತಾಳ ಅನ್ಕೊಂಡೆ," ಯಂಕೋಬ ಹೇಳಿದ. "ಮುಟ್ಟಿದ್ರ ಹತ್ತಿದ್ದು ಕೆಡತೈತಿ ಅಂತ ಸುಮ್ನಿದ್ದೆ."

ವಾಡಿಕೆ ಅವನ ಪರವಾಗಿತ್ತು. ಆ ನೋವಿನಲ್ಲೂ ನಾಗವೇಣಿ ತಲೆಯಾಡಿಸಿದಳು.

"ಅಣ್ಣಂದೇನೂ ತಪ್ಪಿಲ್ಲ. ನಂದ ಬ್ರೇಕಿನ ಮ್ಯಾಲಿನ ಬೆರಳು ಜಾರಿತು."

ಅಲ್ಲೇ ಹೊಳೆಗೆ ಹಾರಿಬಿಡಬೇಕು ಅನ್ನಿಸಿತು ಅವನಿಗೆ. ಹಾರಲಿಲ್ಲ. ಆಟೋ ತಂದ, ಆಸ್ಪತ್ರೆಗೆ ಕರೆದೊಯ್ದ, ಚೀಟಿ ಮಾಡಿಸಿದ, ಸಂಜೆತನಕ ಬೆಂಚಿನ ಮೇಲೆ ಕೂತ. ಎಲ್ಲರೂ ಭೇಷ್ ಅಂದರು.

ಉಸ್ತಾದರು ಆಗ ಶೆಡ್ಡಿನ ಬಾಗಿಲಲ್ಲಿ ಟ್ಯೂಬಿಗೆ ಪಂಕ್ಚರ್ ಹಾಕುತ್ತಿದ್ದರು. ನೋಡಿದ್ದರೋ ಇಲ್ಲವೋ. ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ನಾಲ್ಕನೇ ದಿನ ಯಂಕೋಬ ಅತ್ತೆಯನ್ನು ಹತ್ತಿದ.

ಹೇಗೆ ಹತ್ತಿದನೋ ಅವನಿಗೇ ತಿಳಿಯದು. ಧ್ಯಾನವೆಲ್ಲ ಬೇರೆಲ್ಲೋ ಇತ್ತು. ಪುಟಿದ, ಹಾರಿದ, ಮೇಲಿದ್ದ. ಎಡಗಾಲು ಪೆಡಲ್ ಬಿಟ್ಟಿರಲಿಲ್ಲ. ಕೆಳಗಿದ್ದವರು ಚಪ್ಪಾಳೆ ತಟ್ಟಿದರು. ದ್ಯಾಮಣ್ಣ ಮೊಬೈಲಿನಲ್ಲಿ ವಿಡಿಯೋ ಹಿಡಿದು ಎಲ್ಲರಿಗೂ ಕಳಿಸಿದ.

ಒಂದು ವರ್ಷದಿಂದ ಆಸೆಪಟ್ಟ ಚಪ್ಪಾಳೆ ಅದು. ಯಂಕೋಬ ಅದು ಮುಗಿಯುವ ತನಕವೂ ನಿಲ್ಲಲಿಲ್ಲ.

ಇಳಿದು ಹೋಗಿ ನೀರಿನ ಹತ್ತಿರ ಕೂತ. ಸ್ವಲ್ಪ ಹೊತ್ತಿಗೆ ಉಸ್ತಾದರು ಬಂದು ಪಕ್ಕದಲ್ಲಿ ಕೂತರು. ಕೈಗೆ ಹತ್ತಿದ್ದ ಗ್ರೀಸನ್ನು ಮರಳಿನಿಂದ ಉಜ್ಜಿ ತೊಳೆಯತೊಡಗಿದರು.

"ಅತ್ತಿ ಒಪ್ಪಿದಳೇನಪಾ?"

"ಉಸ್ತಾದ್ರ, ಅವತ್ತು ನಾ ಸುಳ್ಳು ಹೇಳಿದೆ."

ಉಸ್ತಾದರು ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಅಕಿ ಬೀಳ್ತಾಳ ಅಂತ ಗೊತ್ತಿತ್ರಿ. ಹಿಡಿಯಾಕ ಹೊತ್ತೂ ಇತ್ತು. ಕೈ ಚಾಚಲಿಲ್ಲ."

"ಯಾಕ?"

"ಮ್ಯಾಲ ನಿಂತಿದ್ಲು ರೀ. ಕಾಲು ಊರಲಾರದ."

ಅಷ್ಟು ಹೇಳುವಷ್ಟರಲ್ಲಿ ಕಿವಿಯ ತನಕ ಬಿಸಿ ಏರಿತು. ಇನ್ನೊಬ್ಬರ ಮೇಲೆ ಹೊಟ್ಟೆಕಿಚ್ಚುಪಡುವವರನ್ನು ಕಂಡರೆ ಅವನೇ ಮೂಗು ಮುರಿಯುತ್ತಿದ್ದ. ಈಗ ಆ ಮಾತನ್ನು ತನ್ನ ಬಾಯಿಂದಲೇ ಕೇಳಿಸಿಕೊಂಡ. ತಲೆಯನ್ನು ಮೊಣಕಾಲ ಸಂದಿಗೆ ಹಾಕಿದ.

ಬೈಯುತ್ತಾರೆಂದು ಕಾದ. ಬೈದಿದ್ದರೆ ಅರ್ಧ ಭಾರ ಇಳಿಯುತ್ತಿತ್ತು. ಉಸ್ತಾದರು ಕೈ ಜಾಡಿಸಿಕೊಂಡರು.

"ಇದನ್ನ ನನಗ್ಯಾಕ ಹೇಳ್ತಿ? ಬಿದ್ದಾಕಿ ನಾನಲ್ಲ."

"ಅಕಿಗೆ ಹೇಳಿದ್ರ ಕ್ಷಮಿಸ್ತಾಳೇನ್ರಿ?"

"ಅದು ಅಕಿ ಕೆಲಸ. ಅದನ್ನೂ ನೀನ ಮಾಡಾಕ ಹೋಗಬ್ಯಾಡ."

ಮರುದಿನ ಯಂಕೋಬ ನಾಗವೇಣಿಯ ಮನೆಗೆ ಹೋದ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದ.

ಅವಳ ಎಡಗೈ ಎದೆಗೆ ಕಟ್ಟಿತ್ತು. ಹೊಲಿಗೆ ಮಶೀನಿನ ಮೇಲೆ ಹಳೇ ಸೀರೆ ಹೊದಿಸಿತ್ತು. ಗಿರಾಕಿಗಳು ಕೈಬಿಟ್ಟು ಹೋಗದಿರಲಿ ಎಂದು ಅವಳು ಒಂದೇ ಕೈಯಲ್ಲಿ ರವಿಕೆಗೆ ಹುಕ್ಕು ಹಚ್ಚಲು ಕೂತಿದ್ದಳು. ಸೂಜಿಯನ್ನು ಹಲ್ಲಿನಲ್ಲಿ ಕಚ್ಚಿಕೊಂಡು ದಾರ ಪೋಣಿಸಲು ಒದ್ದಾಡುತ್ತಿದ್ದಳು.

"ಅಣ್ಣ, ನೀ ಹತ್ತಿದ್ದು ನೋಡಿದೆ," ಅಂದಳು ಸೂಜಿ ತೆಗೆದು. "ಮೂರು ಸಲ ನೋಡಿದೆ. ಅವ್ವಗೂ ತೋರಿಸಿದೆ. ಎಷ್ಟು ಹಗೂರ ಹತ್ತಿದಿ."

ಅವಳ ಮುಖದಲ್ಲಿ ಇದ್ದದ್ದು ಬರೀ ಸಂತೋಷ. ಅದರಲ್ಲಿ ಒಂದು ಕಹಿಯ ಎಳೆ ಸಿಕ್ಕಿದ್ದರೂ ಸಾಕಿತ್ತು. ಅವನು ಹುಡುಕಿದ, ಸಿಗಲಿಲ್ಲ.

ಅವಳ ತಾಯಿ ಹಂಪವ್ವ ಚಹಾ ತಂದಳು. ಮೊದಲ ಕಪ್ಪು ಅವನಿಗೇ ಕೊಟ್ಟಳು.

"ನೀ ಇದ್ದಿ ಅಂತ ಇಷ್ಟಕ್ಕ ಹೋತಪಾ. ಇಲ್ಲಂದ್ರ ಗತಿ ಏನಿತ್ತು."

ಅವನು ಕುಡಿದ. ಜೋಡಿಸಿಕೊಂಡಿದ್ದ ಮಾತು ಒಂದೂ ಹೊರಡಲಿಲ್ಲ. ಯಂಕೋಬ ಅಲ್ಲಿದ್ದ ಸೂಜಿಗಳನ್ನೆಲ್ಲ ತೆಗೆದುಕೊಂಡು ಒಂದೊಂದಕ್ಕೂ ದಾರ ಪೋಣಿಸಿ, ಬಟ್ಟೆಯ ಉಂಡೆಗೆ ಚುಚ್ಚಿಟ್ಟು, ಎದ್ದು ಬಂದ.

"ಹೇಳಿದೇನಪಾ?" ಉಸ್ತಾದರು ಕೇಳಿದರು.

"ಸೂಜಿ ಪೋಣಿಸಿಕೊಟ್ಟು ಬಂದೆ."

"ಒಳ್ಳೇ ಕೆಲಸ," ಅಂದರು ಉಸ್ತಾದರು. ಕಪಾಳಕ್ಕೆ ಹೊಡೆದಿದ್ದರೆ ಅಷ್ಟು ಉರಿಯುತ್ತಿರಲಿಲ್ಲ.

ಅವನು ಮತ್ತೆ ಹೋದ. ವಾರಕ್ಕೊಮ್ಮೆ ಹೋದ. ಪ್ರತಿ ಸಲವೂ ಇವತ್ತು ಹೇಳಿಯೇಬಿಡುತ್ತೇನೆ ಎಂದುಕೊಂಡು ಹೋಗಿ, ಚಹಾ ಕುಡಿದು, ಸೂಜಿ ಪೋಣಿಸಿ ಬಂದ. ತಿಂಗಳೊಪ್ಪತ್ತಿನಲ್ಲಿ ಆ ಮನೆಯ ಮಗನೇ ಆಗಿಹೋದ. ಓಣಿಯವರು ಇಂಥ ಹುಡುಗ ಸಿಗಬೇಕು ಅನ್ನತೊಡಗಿದರು. ಹೊಗಳಿಕೆ ಕೇಳಿದಷ್ಟೂ ಅವನಿಗೆ ತಲೆ ಎತ್ತಲು ನಾಚಿಕೆಯಾಗುತ್ತಿತ್ತು.

ಸೈಕಲ್ ಮುಟ್ಟುವುದನ್ನು ಬಿಟ್ಟ. ಶೆಡ್ಡಿನ ಕಸ ಗುಡಿಸಿದ, ಎಲ್ಲರ ಚೈನಿಗೆ ಎಣ್ಣೆ ಬಿಟ್ಟ. ಯಾರಾದರೂ ಆಸರೆಗೆ ಕರೆದರೆ ಕೈ ನೋವು ಅಂದ.

"ಉಸ್ತಾದ್ರ, ನನಗ ಏನರ ಶಿಕ್ಷಾ ಕೊಡ್ರಿ," ಎಂದು ಒಂದು ದಿನ ಪೊರಕೆ ಹಿಡಿದುಕೊಂಡೇ ಕೇಳಿದ.

"ಕಸಾ ಹೊಡ್ಯಾಕತ್ತಿಯಲ್ಲ."

"ಇದು ಶಿಕ್ಷಾ ಏನ್ರಿ?"

"ಅಲ್ಲ. ಇದು ಅಡಗಿಕೊಳ್ಳೋದು."

ಮೂರು ತಿಂಗಳ ಮೇಲೆ ನಾಗವೇಣಿ ಹೊಳೆದಂಡೆಗೆ ಬಂದಳು. ಎಲ್ಲರೂ ಸುತ್ತ ನೆರೆದರು. ಡಾಕ್ಟರು ಒಪ್ಪಿದ್ದಾರೆ ಅಂದಳು. ಅತ್ತೆಯ ಹತ್ತಿರ ಹೋಗಿ ಅಂಗೈಯಿಂದ ಅದರ ಅಂಚನ್ನು ಮುಟ್ಟಿ ನೋಡಿದಳು.

"ಅಂಜಿಕಿ ಆಗತೈತಿ," ಅಂದಳು ಮುಚ್ಚುಮರೆಯಿಲ್ಲದೆ. "ಯಂಕೋಬಣ್ಣ ಆಸರಕ್ಕ ನಿಂತ್ರ ಹತ್ತತೀನಿ. ಇಲ್ಲಂದ್ರ ಇಲ್ಲ."

ಎಲ್ಲರೂ ಅವನತ್ತ ನೋಡಿದರು.

ಈ ಸಲ ಹಿಡಿಯುತ್ತೇನೆ, ಪ್ರಾಣ ಹೋದರೂ ಹಿಡಿಯುತ್ತೇನೆ ಎಂದುಕೊಂಡ ಯಂಕೋಬ. ಬಾಯಿ ಮುಚ್ಚಿಕೊಂಡು ನಿಂತರೆ ಆಯಿತು. ಹಿಡಿದರೆ ಹಳೆಯದೆಲ್ಲ ತೀರಿಹೋಗುತ್ತದೆ. ಹಾಗಂದುಕೊಂಡು ಎರಡು ಹೆಜ್ಜೆ ಮುಂದೆ ಇಟ್ಟ.

ಅಂದೂ ಹಿಡಿಯುತ್ತೇನೆ ಎಂದುಕೊಂಡೇ ನಿಂತಿದ್ದ. ಅದು ನೆನಪಾಗಿ ಅವನ ಕಾಲುಗಳು ನಿಂತವು.

"ನಾಗವೇಣಿ, ಅವತ್ತು ನಿನ್ನ ಬ್ರೇಕಿಂದೇನೂ ತಪ್ಪಿಲ್ಲ. ನೀ ಬೀಳೋದು ಗೊತ್ತಾತು. ನಾ ಬೇಕಂತ ಹಿಡೀಲಿಲ್ಲ."

ಅವಳು ಅರ್ಥವಾಗದವಳಂತೆ ನೋಡಿದಳು. ಆಮೇಲೆ ಅರ್ಥವಾಯಿತು.

"ನಾ ಬೀಳಲಿ ಅಂತ ಇತ್ತೇನು ನಿನಗ?"

"ಬೀಳಲಿ ಅಂತಲ್ಲ. ನನಗಿಂತ ಮೊದ್ಲ ನೀ ಹತ್ತಬಾರದು ಅಂತ ಇತ್ತು."

ನಾಗವೇಣಿಯ ಬಲಗೈ ತಾನಾಗಿಯೇ ಎಡ ಭುಜದ ಮೇಲೆ ಹೋಯಿತು.

"ನಮ್ಮವ್ವ ಮೊದಲ್ನೇ ಕಪ್ಪು ನಿನಗ ಕೊಡತಿದ್ಲು."

"ಹೌದು."

"ನೀ ಕುಡೀತಿದ್ದಿ."

"ಹೌದು."

ಅವಳು ಅಳಲಿಲ್ಲ, ಬೈಯಲಿಲ್ಲ. "ದ್ಯಾಮಣ್ಣ, ನೀ ಬಾ," ಎಂದು ಸೈಕಲ್ ತಿರುಗಿಸಿ ದೂರದ ಚಿಕ್ಕ ಕಲ್ಲುಗಳ ಕಡೆಗೆ ಹೋದಳು. ಅಣ್ಣ ಎಂದು ಕರೆಯದೆ ಅವಳು ಅವನನ್ನು ಬಿಟ್ಟು ಹೋದದ್ದು ಅದೇ ಮೊದಲು. ಉಳಿದವರೂ ಒಬ್ಬೊಬ್ಬರಾಗಿ ಸರಿದರು. ಯಾರೂ ಅವನ ಮುಖ ನೋಡಲಿಲ್ಲ.

ಹೇಳಿದರೆ ಹಗುರಾಗುತ್ತದೆ ಎಂದು ಕೇಳಿದ್ದ. ಹಾಗೇನೂ ಆಗಲಿಲ್ಲ. ಇಷ್ಟು ದಿನ ಒಳಗಿದ್ದ ನಾಚಿಕೆ ಈಗ ಮೈತುಂಬ ಹರಡಿತ್ತು, ಅಷ್ಟೇ. ಚೀಲ ಹೆಗಲಿಗೇರಿಸಿ ದಾರಿಯ ಕಡೆ ನಡೆದ.

"ಎಲ್ಲಿಗೆ ಹೊಂಟಿ?"

ಉಸ್ತಾದರು ಶೆಡ್ಡಿನ ಗೋಡೆಗೆ ಒರಗಿಸಿದ್ದ ಅವನದೇ ಸೈಕಲ್ಲನ್ನು ತೆಗೆಯುತ್ತಿದ್ದರು.

"ಇನ್ನ ನನಗ ಇಲ್ಲಿ ಏನೈತ್ರಿ? ಯಾರು ನನ್ನ ಆಸರಕ್ಕ ನಿಂದ್ರಸ್ಕೋತಾರ?"

ಉಸ್ತಾದರು ಪ್ಯಾಂಟಿನ ಕಾಲು ಮಡಚಿದರು. ಬಲ ಮೊಣಕಾಲಿನ ಮೇಲೆ ಆಪರೇಶನ್ನಿನ ಉದ್ದ ಗೆರೆಯಿತ್ತು. ಆರು ವರ್ಷದಿಂದ ಅವರು ಸೈಕಲ್ ಹತ್ತಿರಲಿಲ್ಲ. ಅಲ್ಲಿದ್ದ ಶಿಷ್ಯರಲ್ಲಿ ಒಬ್ಬರೂ ಅವರನ್ನು ಅದರ ಮೇಲೆ ಕಂಡವರಲ್ಲ.

ಸೈಕಲ್ ನೂಕಿಕೊಂಡು ಹೋಗಿ ಅತ್ತೆಯ ಮುಂದಿನ ಚಿಕ್ಕ ಕಲ್ಲಿನ ಮೇಲಿಟ್ಟರು. ಪೆಡಲ್ ಮೇಲೆ ನಿಂತರು. ಬಲಗಾಲು ನಡುಗುತ್ತಿತ್ತು.

"ಬಾ, ನಿಂದ್ರು."

"ಬ್ಯಾಡ್ರಿ ಉಸ್ತಾದ್ರ. ಬ್ಯಾರೆಯವರನ್ನ ಕರೀರಿ."

"ಬ್ಯಾರೆಯವರು ಹಿಡೀತಾರ. ಅದು ನನಗ ಗೊತ್ತೈತಿ."

"ನಿಮಗ ಅರವತ್ತು ದಾಟೇತಿ. ಬಿದ್ರ ಏಳಂಗಿಲ್ರಿ."

"ಅದೂ ಗೊತ್ತೈತಿ."

ದೂರದಲ್ಲಿ ನಾಗವೇಣಿ ಕಾಲೂರಿ ನಿಂತು ಈ ಕಡೆ ನೋಡಿದಳು. ದ್ಯಾಮಣ್ಣ ಓಡಿ ಬರಲು ಹೊರಟವನು ಉಸ್ತಾದರ ಮುಖ ನೋಡಿ ಅಲ್ಲೇ ನಿಂತ.

ಯಂಕೋಬ ಚೀಲ ಇಳಿಸಿದ. ಬಂಡೆಯ ಕೆಳಗೆ ಹೋಗಿ ನಿಂತ. ಕೈ ಎತ್ತಿದ. ಅದೇ ಎರಡು ಕೈಗಳು. ಅವು ಎಷ್ಟು ನಡುಗುತ್ತಿದ್ದವೆಂದರೆ ಅವನಿಗೆ ಬೇರೇನೂ ಕಾಣಿಸುತ್ತಿರಲಿಲ್ಲ. ಪಕ್ಕದಲ್ಲಿ ಚಕ್ರ ಒಂದು ಸಲ ಪುಟಿದ ಸದ್ದಾಯಿತು. ಎರಡು ಸಲ ಆಯಿತು.

ಅಲ್ಲಿಗೆ ಉಸ್ತಾದರು ಬ್ರೇಕು ಹಿಡಿದು ನಿಂತರು.

"ಕೈ ನೋಡ್ಕೋಬ್ಯಾಡ," ಅಂದರು. "ನನ್ನ ನೋಡು."