ಕಾಳಿಕವ್ವ ಎರೆದ ಹೊಳೆಗಂಟೆ

ಬಹಳ ಹಿಂದೆ, ನಮ್ಮಜ್ಜಿಯ ಅಜ್ಜಿಗೂ ನೆನಪಿಲ್ಲದ ಕಾಲದಲ್ಲಿ, ಹೊಳೆ ಬಳಸಿಕೊಂಡು ತಿರುಗುವ ಜಾಗದಲ್ಲಿ ಒಂದು ಊರಿತ್ತು. ಹೊಳೆಮೂಲೆ ಅಂತ ಅದರ ಹೆಸರು. ಆ ಊರಿಗೆ ಒಂದು ಬೇಸಗೆಯಲ್ಲಿ ಕಾಳಿಕವ್ವ ಅನ್ನೋ ಕಂಚುಗಾರರ ಹೆಂಗಸು ಬಂದಳು. ಕಾದ ಕಂಚನ್ನು ಅವಳು ಬರಿಗೈಯಲ್ಲಿ ಮುಟ್ಟುತ್ತಿದ್ದಳು ಅಂತಾರೆ. ಕಂಚಿಗೆ ಕಿವಿಗೊಟ್ಟು ಅದರೊಳಗೆ ಏನು ಬೆರೆತಿದೆ ಅಂತ ಹೇಳುತ್ತಿದ್ದಳು ಅಂತಾರೆ. ಮುಟ್ಟುತ್ತಿದ್ದಳು ಅನ್ನುವುದನ್ನು ನಾನು ನಂಬುವುದಿಲ್ಲ. ಕಿವಿಗೊಡುತ್ತಿದ್ದಳು ಅನ್ನುವುದನ್ನು ನಂಬುತ್ತೇನೆ.

ಹೊಳೆಮೂಲೆ ಅನುಮಾನದ ಊರು. ಮೊದಲಿನಿಂದ ಹಾಗಿರಲಿಲ್ಲವಂತೆ. ಊರ ದಿಬ್ಬದ ಮೇಲೆ ಒಂದು ದೊಡ್ಡ ಗಂಟೆ ಇತ್ತು. ಹೊಳೆ ಏರಿದರೆ ಕಾವಲಿನವನು ಅದನ್ನು ಬಾರಿಸಬೇಕು, ಕೆಳಗೇರಿಯವರು ಮಕ್ಕಳುಮರಿ ಎತ್ತಿಕೊಂಡು ದಿಬ್ಬ ಹತ್ತಬೇಕು. ಒಂದು ಮಳೆಗಾಲ ಹೊಳೆ ಏರಿತು. ಕಾವಲಿನವನು ಗಂಟೆಗೆ ಹೊಡೆದ. ಗಂಟೆ ಕೊಂಯ್ ಅನ್ನುವ ಮೊದಲೇ ಸೀಳಿ ಬಿತ್ತು. ಕೆಳಗೇರಿಯಲ್ಲಿ ಎಷ್ಟೋ ಮನೆಗಳು ಅವತ್ತು ಖಾಲಿಯಾದವು.

ಅಲ್ಲಿಂದ ಶುರುವಾಯಿತು. ಗಂಟೆ ಎರೆದ ಆಚಾರಿ ಕಂಚಿಗೆ ಬೆರೆಸಬೇಕಾದ ತವರ ನುಂಗಿದ್ದಾನೆ ಅಂದರು ಕೆಲವರು. ಕಾವಲಿನವನು ಮಲಗಿದ್ದ, ಆಮೇಲೆ ಬಂದು ತಾನೇ ಗಂಟೆ ಒಡೆದ ಅಂದರು ಕೆಲವರು. ಗಂಟೆಗೆ ಕೊಟ್ಟ ಪಾತ್ರೆಪಡಗದಲ್ಲಿ ಯಾರೋ ಕಳ್ಳ ಲೋಹ ಸೇರಿಸಿದ್ದರು ಅಂದರು ಇನ್ನು ಕೆಲವರು. ಆ ಆಚಾರಿ ಕೊರಗಿ ಕೊರಗಿ ಸತ್ತ. ಅವನ ಮಗ ಮೋನಾಚಾರಿ ದನದ ಕೊರಳಿನ ಗಂಟೆ ಮಾಡಿಕೊಂಡು ಬದುಕಿದ್ದ. ಊರವರು ಅವನ ಹತ್ತಿರವೇ ಕೊಳ್ಳುತ್ತಿದ್ದರು, ಆದರೆ ಅವನ ಎದುರಿಗೇ ಗಂಟೆಯನ್ನು ಕಲ್ಲಿಗೆ ಕುಟ್ಟಿ ನೋಡಿ ಕೊಳ್ಳುತ್ತಿದ್ದರು. ಅವನು ತಲೆ ತಗ್ಗಿಸಿಕೊಂಡು ಇರುತ್ತಿದ್ದ ಅಂತಾರೆ.

ಅಂಥಾ ಊರಿಗೆ ಕಾಳಿಕವ್ವ ಒಂದು ಕತ್ತೆಯ ಮೇಲೆ ತಿದಿ, ಕಂಚು ಕರಗಿಸುವ ಮೂಸೆ, ದೊಡ್ಡದೊಂದು ಮೇಣದ ಉಂಡೆ ಹೇರಿಕೊಂಡು ಬಂದಳು. ಗಂಡ ಇಲ್ಲ, ಮಕ್ಕಳಿಲ್ಲ, ಯಾವೂರು ಅಂದರೆ ಮೂಡಲ ಕಡೆ ಅಂತ ಕೈ ತೋರಿಸುತ್ತಿದ್ದಳು. ನಿಮ್ಮ ಹೊಳೆಗೆ ಗಂಟೆ ಎರೆದುಕೊಡುತ್ತೇನೆ ಅಂದಳು. ಕರೆಯದೆ ಬಂದವಳು ಯಾಕೆ ಬಂದಳು ಅಂತ ಊರು ಯೋಚಿಸಿತು.

ಊರಿನ ಗೌಡ ಹಂಪನಗೌಡ. ಹಳೆ ಗಂಟೆ ಎರೆಸಿದವನೂ ಅವನೇ. ಅವನು ಒಂದು ಪರೀಕ್ಷೆ ಇಟ್ಟ. ಒಂದೇ ರಾಶಿಯ ಕಂಚು. ಅದರಲ್ಲಿ ಮೋನಾಚಾರಿ ಒಂದು ಚಿಕ್ಕ ಗಂಟೆ ಎರೆಯಬೇಕು, ಈ ಹೆಂಗಸು ಒಂದು ಎರೆಯಬೇಕು, ಇಬ್ಬರೂ ಚಾವಡಿಯ ಮುಂದೆ, ಎಲ್ಲರ ಕಣ್ಣೆದುರು.

ಮೋನಾಚಾರಿಯದು ಮರಳಚ್ಚು. ಮರದಲ್ಲಿ ಕಡೆದ ಗಂಟೆಯ ಮಾದರಿ ಅವನ ಹತ್ತಿರ ಇತ್ತು. ಎರಡು ಚೌಕಟ್ಟಿನ ನಡುವೆ ಮರಳು ತುಂಬಿ, ಮಾದರಿ ಒತ್ತಿ, ಚೌಕಟ್ಟು ಬಿಡಿಸಿ ಮಾದರಿ ಎತ್ತಿದ. ಉಳಿದ ಬರಿದು ಜಾಗಕ್ಕೆ ಕಂಚು ಎರೆದ. ಬಿಸಿಲು ಇಳಿಯುವುದರೊಳಗೆ ಗಂಟೆ ಕೈಗೆ ಬಂತು. ಎಲ್ಲರೂ ಎಲ್ಲ ಕಂಡರು.

ಕಾಳಿಕವ್ವನದು ಮೇಣದಚ್ಚು. ಮೊದಲು ಮಣ್ಣಿನಲ್ಲಿ ಗಂಟೆಯ ಒಳಹೊಟ್ಟೆ ಮಾಡಿದಳು. ಅದರ ಮೇಲೆ ಮೇಣ ಹಚ್ಚಿ, ಮೇಣದಲ್ಲೇ ಸರಪಳಿ, ಬಳ್ಳಿ, ಎಲೆ ಬಿಡಿಸಿದಳು. ಮೇಣದ ಮೇಲೆ ಮತ್ತೆ ಮಣ್ಣು ಮೆತ್ತಿದಳು. ಒಣಗಲಿ ಅಂತ ದಿನಗಟ್ಟಲೆ ಕಾದಳು. ಆಮೇಲೆ ಕಾಯಿಸಿದಳು, ಮೇಣ ಕರಗಿ ತೂತಿನಿಂದ ಹೊರಗೆ ಹರಿಯಿತು. ಮೇಣ ಬಿಟ್ಟುಹೋದ ಜಾಗಕ್ಕೆ ಕಂಚು ಎರೆದು, ಆರಿದ ಮೇಲೆ ಅಚ್ಚು ಒಡೆದಳು.

ಜನಕ್ಕೆ ಇದು ಹಿಡಿಸಲಿಲ್ಲ. ಮಣ್ಣು ಮುಚ್ಚಿದ ಮೇಲೆ ಒಳಗೇನು ನಡೆಯಿತು ಅಂತ ಕಂಡವರು ಯಾರು? ಗೌಡ ಹರಿದು ಬಂದ ಮೇಣವನ್ನು ತೂಗಿಸಿದ. ಕಡಿಮೆ ಬಂತು. ಸ್ವಲ್ಪ ಮಣ್ಣು ಕುಡಿಯಿತು, ಸ್ವಲ್ಪ ಹೊಗೆಯಾಯಿತು ಅಂದಳು ಕಾಳಿಕವ್ವ. ಹೊಗೆಗೆ ಸಾಕ್ಷಿ ಯಾರು ಅಂತ ಗೌಡ ಕೇಳಿದನಂತೆ.

ಎರಡು ಗಂಟೆಗಳನ್ನೂ ಬಾರಿಸಿದರು. ನಾದದಲ್ಲಿ ಹೆಚ್ಚುಕಡಿಮೆ ಇರಲಿಲ್ಲ. ಮರಳಿನದರ ಮೈ ತರಿತರಿ, ನಡುವೆ ಕೂಡಿಸಿದ ಗೆರೆ. ಮೇಣದ್ದರಲ್ಲಿ ಕಾಳಿಕವ್ವನ ಹೆಬ್ಬೆರಳಿನ ಗುರುತೂ ಮೂಡಿತ್ತು. ಯಾವುದು ಮೇಲು ಅಂತ ಗೌಡ ಅವಳನ್ನೇ ಕೇಳಿದ. ದನದ ಗಂಟೆಗೆ ಮೋನಾಚಾರಿಯ ದಾರಿಯೇ ಮೇಲು ಅಂದಳು. ಬೇಗ ಆಗುತ್ತದೆ, ಒಂದು ಮಾದರಿಯಲ್ಲಿ ಎಷ್ಟು ಬೇಕಾದರೂ ಎರೆಯಬಹುದು, ನನ್ನದರಲ್ಲಿ ಒಂದು ಸಲ ಕೈ ತಪ್ಪಿದರೆ ಮೊದಲಿಂದ ಮಾಡಬೇಕು. ಆದರೆ ಆಳೆತ್ತರದ ಗಂಟೆಗೆ ನಿಮ್ಮ ಹೊಳೆಯ ಮರಳು ಬಲು ಒರಟು, ಅಷ್ಟು ಭಾರಕ್ಕೆ ಕುಸಿಯುತ್ತದೆ, ಅದಕ್ಕೆ ಮಣ್ಣೇ ಬೇಕು ಅಂದಳು.

ಎದುರಾಳಿಯ ಕೆಲಸವನ್ನು ಬಾಯಿ ತುಂಬಾ ಹೊಗಳಿದಳಲ್ಲ, ಇದರಲ್ಲಿ ಏನೋ ಹುನ್ನಾರ ಇದೆ ಅಂದುಕೊಂಡಿತು ಊರು. ಕೆಲಸ ಅವಳಿಗೇ ಕೊಟ್ಟರು. ಆದರೆ ಅವಳ ಮೇಲೆ ಒಂದು ಕಣ್ಣಿಡಲು ಮೋನಾಚಾರಿಯನ್ನು ಕೂರಿಸಿದರು. ಅವಳು ತಪ್ಪಿದರೆ ಅವನಿಗೆ ಲಾಭ. ಅವಳ ಗಂಟೆಯೂ ಒಡೆದರೆ ಅವನಪ್ಪನ ಮೇಲಿನ ಮಾತು ಹಗುರವಾಗುತ್ತದೆ. ಅವನಿಗಿಂತ ಒಳ್ಳೆ ಕಾವಲಿಲ್ಲ ಅಂದ ಗೌಡ.

ಮನೆಮನೆಯಿಂದ ಕಂಚು ಬಂತು. ಊಟದ ತಣಿಗೆ, ಗಿಂಡಿ, ಕಾಲಂದುಗೆ, ಸತ್ತ ಎತ್ತುಗಳ ಕೊರಳಗಂಟೆ. ಅವಳೇನು ಊರಿಗಿಂತ ಕಡಿಮೆ ಅನುಮಾನದವಳಲ್ಲ. ಒಂದೊಂದನ್ನೂ ಕಿವಿಯ ಹತ್ತಿರ ಹಿಡಿದು ಬೆರಳ ಗಿಣ್ಣಿನಿಂದ ತಟ್ಟಿದಳು. ಗೌಡರ ಮನೆಯಿಂದ ಬಂದ ಕೊಡವನ್ನು ತಟ್ಟಿ ಪಕ್ಕಕ್ಕಿಟ್ಟಳು. ಇದರಲ್ಲಿ ಸೀಸ ಇದೆ, ಒಯ್ಯಿರಿ ಅಂದಳು. ಗೌಡ ಕೊಡವನ್ನು ಮನೆಗೆ ಒಯ್ಯಿಸಿದ, ಆದರೆ ಮರೆಯಲಿಲ್ಲ.

ಹಳೆ ಗಂಟೆಯ ಚೂರುಗಳೂ ಬಂದವು. ಕರಗಿಸುವ ಮೊದಲು ಸೀಳಿದ ಅಂಚನ್ನು ಅವಳು ಬಿಸಿಲಿಗೆ ಹಿಡಿದು ನೋಡಿದಳು. ಅದರೊಳಗೆ ಕೋಳಿಮೊಟ್ಟೆ ಹಿಡಿಯುವಷ್ಟು ಪೊಳ್ಳಿತ್ತು. ಪೊಳ್ಳಿನೊಳಗೆ ಬೆರಳಾಡಿಸಿ ಮೋನಾಚಾರಿಯ ಮುಖ ನೋಡಿದಳು. ಅವನು ಮುಖ ತಿರುಗಿಸಿದ ಅಂತಾರೆ.

ದೊಡ್ಡ ಅಚ್ಚು ಸಿದ್ಧವಾಯಿತು. ಕೆಳಗೇರಿಯ ಪಕ್ಕದ ಬಯಲಲ್ಲಿ ಗುಂಡಿ ತೋಡಿ, ಮೇಣ ಹರಿಸಿ, ಅಚ್ಚನ್ನು ಇಳಿಸಿ, ಸುತ್ತ ಮಣ್ಣು ತುಂಬಿದರು. ಜೋಯಿಸರು ಮುಹೂರ್ತ ಇಟ್ಟರು. ಆದರೆ ಹಿಂದಿನ ದಿನ ಕಾಲವಲ್ಲದ ಕಾಲದಲ್ಲಿ ಮಳೆ ಸುರಿಯಿತು.

ಮುಹೂರ್ತದ ಹೊತ್ತಿಗೆ ಊರೆಲ್ಲ ಗುಂಡಿಯ ಸುತ್ತ ನಿಂತಿತ್ತು. ಮೂಸೆಗಳಲ್ಲಿ ಕಂಚು ಕುದಿಯುತ್ತಿತ್ತು. ಕಾಳಿಕವ್ವ ಅಚ್ಚಿನ ಬಾಯಿಯ ಹತ್ತಿರ ಬಗ್ಗಿ ಮೂಸಿ ನೋಡಿ, ಇವತ್ತು ಎರೆಯುವುದಿಲ್ಲ ಅಂದಳು. ಯಾಕೆ ಅಂದರೆ, ಹೊಗೆಗೂ ಸಾಕ್ಷಿ ಕೇಳಿದವರು ನನ್ನ ಮಾತು ನಂಬುತ್ತೀರಾ ಅಂದಳು.

ಅಷ್ಟು ಸಾಕಾಯಿತು. ಕಂಚು ಸಾಗಿಸಲು ಹೊತ್ತು ಹುಡುಕುತ್ತಿದ್ದಾಳೆ ಅಂತ ಒಬ್ಬ ಅಂದ. ಒಳಗೆ ಏನೋ ಬಚ್ಚಿಟ್ಟಿದ್ದಾಳೆ, ಎರೆದರೆ ಸುಟ್ಟುಹೋಗುತ್ತದೆ ಅಂತ ಹೆದರಿದ್ದಾಳೆ ಅಂತ ಇನ್ನೊಬ್ಬ ಅಂದ. ಅವಳ ಗುಡಿಸಲಿಗೆ ನುಗ್ಗಿ ಚಾಪೆ, ಮಡಕೆ ಎಲ್ಲ ತೆಗೆದು ಬಿಸಾಡಿದರು. ಏನೂ ಸಿಗಲಿಲ್ಲ. ಸಿಗದ್ದಕ್ಕೆ ಅನುಮಾನ ಇನ್ನೂ ಬಲಿಯಿತು. ಮುಹೂರ್ತ ಮೀರುತ್ತಿದೆ, ಈಗಲೇ ಎರೆಯಬೇಕು, ಇಲ್ಲವಾದರೆ ಕೈಗೆ ಕೋಳ ಹಾಕಿಸುತ್ತೇನೆ ಅಂದ ಗೌಡ. ಅವಳು ಗುಂಡಿಯ ಅಂಚಿನಲ್ಲಿ ಕಾಲು ಚಾಚಿ ಕುಳಿತುಬಿಟ್ಟಳು. ಹಾಕಿಸು ಅಂದಳು.

ಆಗ ಗೌಡ ಮೋನಾಚಾರಿಯ ಕಡೆ ತಿರುಗಿದ. ನೀನು ಮೊದಲಿಂದ ನೋಡಿದವನು, ಎರೆಯಲು ಇವಳಿಗೆ ಏನು ಅಡ್ಡಿ ಹೇಳು ಅಂದ. ಎಲ್ಲರೂ ಅವನನ್ನು ನೋಡಿದರು. ಅವನು ಏನೂ ಇಲ್ಲ ಅಂದಿದ್ದರೆ ಸಾಕಿತ್ತು. ಎರೆಯುತ್ತಿದ್ದರು, ಗಂಟೆ ಕೆಡುತ್ತಿತ್ತು, ಅವನಪ್ಪನಿಗೆ ಒಬ್ಬಳು ಜೊತೆಯಾಗುತ್ತಿದ್ದಳು.

ಮೋನಾಚಾರಿ ಯಾರದೋ ಕೈಯಿಂದ ಒಂದು ಕಂಚಿನ ತಣಿಗೆ ಇಸಕೊಂಡ. ಗುಂಡಿಗೆ ಇಳಿದು ಅದನ್ನು ಅಚ್ಚಿನ ಬಾಯಿಗೆ ಮುಚ್ಚಿದ. ಸ್ವಲ್ಪ ಹೊತ್ತು ಬಿಟ್ಟು ಎತ್ತಿ, ಮಗುಚಿ, ಜನರ ಕಡೆ ಹಿಡಿದ. ತಣಿಗೆಯ ತುಂಬ ಹನಿ ಕೂತಿದ್ದವು.

"ಗೌಡ್ರೇ, ಅಚ್ಚಿನೊಳಗೆ ಹಸಿ ಐತಿ," ಅಂದ. "ನಮ್ಮಪ್ಪ ಎರೆದ ದಿನಾನೂ ಇತ್ತು."

ಮುಂದೆ ನಿಂತಿದ್ದವರು ತಣಿಗೆಗೆ ಬೆರಳು ತಾಗಿಸಿ ನೋಡಿದರು.

"ನಾನು ಅಪ್ಪನ ಜೊತೆ ಇದ್ದೆ. ಮರಳು ಒದ್ದೆ ಐತಿ, ಇನ್ನೆರಡು ದಿನ ತಡೀರಿ ಅಂತ ಅಪ್ಪ ನಿಮ್ಮ ಕಾಲು ಹಿಡಿದ. ಮುಹೂರ್ತ ತಪ್ಪಿಸಬ್ಯಾಡ ಅಂದ್ರಿ. ಕಾದ ಕಂಚು ನೀರು ಕಂಡರೆ ಆವಿ ಏಳತೈತಿ, ಆವಿ ಹೊರಗೆ ಬರಲಾರದೆ ಒಳಗೇ ಗೂಡು ಕಟ್ಟತೈತಿ. ನಮ್ಮಪ್ಪ ತವರ ತಿಂದಿರಲಿಲ್ಲ."

ಹಂಪನಗೌಡ ಏನು ಅಂದ ಅನ್ನುವುದರಲ್ಲಿ ಎಲ್ಲರ ಮಾತೂ ಒಂದೇ ಅಲ್ಲ. ಹೌದು ಅಂತ ಒಪ್ಪಿಕೊಂಡ ಅಂತ ಕೆಲವರು ಹೇಳುತ್ತಾರೆ. ಇವನೂ ಇವಳೂ ಒಳಗೊಳಗೇ ಕೂಡಿದ್ದಾರೆ ಅಂತ ಕೂಗಾಡಿ ಮನೆಗೆ ಹೋದ ಅಂತ ಕೆಲವರು ಹೇಳುತ್ತಾರೆ. ನಾನು ಎರಡನೆಯದನ್ನು ನಂಬುತ್ತೇನೆ.

ಅಚ್ಚನ್ನು ಮತ್ತೆ ಕಾಯಿಸಬೇಕಿತ್ತು. ಊರಿನ ಕಟ್ಟಿಗೆಯೆಲ್ಲ ನೆನೆದಿತ್ತು. ಆಗ ಕೆಳಗೇರಿಯ ಹೆಂಗಸರು ಒಬ್ಬೊಬ್ಬರಾಗಿ ಮನೆಗೆ ಹೋದರು. ಮಳೆಗಾಲದ ಒಲೆಗೆ ಅಂತ ಅಟ್ಟದ ಮೇಲೆ ಒಟ್ಟಿಕೊಂಡಿದ್ದ ಸಗಣಿಯ ಕುಳ್ಳುಗಳನ್ನು ಬುಟ್ಟಿಯಲ್ಲಿ ಹೊತ್ತು ತಂದರು. ನೀರಲ್ಲಿ ಮನೆಮಂದಿ ಕಳಕೊಂಡವರು ಅವರು. ಮೊದಲು ಬುಟ್ಟಿ ತಂದವಳಿಗೆ ಗಂಡನೂ ಇರಲಿಲ್ಲ, ಮಕ್ಕಳೂ ಉಳಿದಿರಲಿಲ್ಲ ಅಂತಾರೆ. ಗುಂಡಿಯ ಮಣ್ಣು ತೆಗೆದು, ಅಚ್ಚಿನ ಸುತ್ತ ಕುಳ್ಳು ಒಟ್ಟಿ ಬೆಂಕಿ ಇಟ್ಟರು. ಅಚ್ಚಿನ ಬಾಯಿಗೆ ಮುಚ್ಚಿದ ತಣಿಗೆ ಒಂದು ಹನಿಯೂ ಇಲ್ಲದೆ ಮೇಲೆ ಬರುವ ತನಕ ಆ ಬೆಂಕಿ ಆರಲು ಬಿಡಲಿಲ್ಲ. ಆಮೇಲೆ ಸುತ್ತಲೂ ಒಣಮಣ್ಣು ತುಂಬಿ ದಮ್ಮಸು ಮಾಡಿ, ಕಾಳಿಕವ್ವನೂ ಮೋನಾಚಾರಿಯೂ ಆಚೆಗೊಬ್ಬರು ಈಚೆಗೊಬ್ಬರು ನಿಂತು ಕಂಚು ಎರೆದರು. ಅದು ರಾಹುಕಾಲವಾಗಿತ್ತು ಅಂತ ಜೋಯಿಸರು ಸಾಯುವ ತನಕ ಹೇಳುತ್ತಿದ್ದರಂತೆ.

ಅಚ್ಚು ಒಡೆಯುವಾಗ ಮೋನಾಚಾರಿ ಅವಳನ್ನು ಕೇಳಿದ.

"ತಂಗೀ, ದಿಟ ಹೇಳು. ಮರಳು ಮೇಲೋ, ಮೇಣ ಮೇಲೋ?"

"ನೀರಿದ್ದರೆ ಎರಡೂ ಕೊಲ್ತಾವ ಅಣ್ಣಾ," ಅಂದಳು. "ಇಲ್ಲದಿದ್ದರೆ ಎರಡೂ ನುಡೀತಾವ."

ಗಂಟೆ ದಿಬ್ಬ ಏರಿತು, ನುಡಿಯಿತು. ಆಚೆ ದಡದ ಊರಿಗೂ ಕೇಳಿಸಿತು ಅಂತಾರೆ.

ಇಷ್ಟಾದರೂ ಊರಿನ ಬುದ್ಧಿ ಹೋಗಲಿಲ್ಲ ನೋಡಿ. ಅವಳು ಹೊರಟ ದಿನ ಊರಬಾಗಿಲಲ್ಲಿ ನಿಲ್ಲಿಸಿ ಗಂಟು ಬಿಚ್ಚಿಸಿದರು. ಅವಳು ತಾನೇ ಬಿಚ್ಚಿ ತೋರಿಸಿದಳು. ಒಂದು ಸೀರೆ, ಒಂದು ಚಿಮಟ, ಹಾದಿಗೆ ಅಂತ ರೊಟ್ಟಿ. ಮೇಣದ ಉಂಡೆ ಎಲ್ಲಿ ಅಂತ ಕೇಳಿದರು. ಮೋನಾಚಾರಿಗೆ ಕೊಟ್ಟೆ ಅಂದಳು. ಯಾಕೆ ಕೊಟ್ಟೆ ಅಂತ ಕೇಳಿದರು. ಅವಳು ಗಂಟು ಕಟ್ಟಿಕೊಂಡು ಮೂಡಲ ಕಡೆ ಕತ್ತೆ ಹೊಡೆದುಕೊಂಡು ಹೋದಳು.

ಅದೇ ವರ್ಷ ಹೊಳೆ ಏರಿತು. ಹಿಂದೆ ಬಂದದ್ದಕ್ಕಿಂತ ಜೋರಾಗಿ ಏರಿತು. ಗಂಟೆ ಬಾರಿಸಿದರು, ಬಾರಿಸುತ್ತಲೇ ಇದ್ದರು. ಕೆಳಗೇರಿಯ ಗೋಡೆಗಳೆಲ್ಲ ಹೋದವು, ಜನ ಒಬ್ಬರೂ ಹೋಗಲಿಲ್ಲ. ನೀರು ಇಳಿದ ಮೇಲೆ ಅವಳನ್ನು ಕರೆತರಲು ಮೂಡಲ ಕಡೆ ಆಳು ಕಳಿಸಿದರು. ಅಂಥವಳನ್ನು ಕಂಡಿದ್ದೇವೆ ಅಂದವರು ಯಾವ ಊರಿನಲ್ಲೂ ಸಿಗಲಿಲ್ಲ. ಅವಳು ಕಾಳಿಕಾದೇವಿಯೇ ಇರಬೇಕು ಅಂದರು ಆಮೇಲೆ. ದೇವಿಯಾಗಿದ್ದರೆ ಗಂಟು ಬಿಚ್ಚಿಸಿದ ಪಾಪ ಸುಮ್ಮನೆ ಬಿಡುತ್ತಿತ್ತೇ? ನನಗೇನೋ ಅವಳು ನಮ್ಮ ನಿಮ್ಮ ಹಾಗೆ ಹಸಿವಾಗುವ ಹೆಂಗಸೇ ಅನ್ನಿಸುತ್ತದೆ.

ಈಗಲೂ ಹೊಳೆಮೂಲೆಯಲ್ಲಿ ಮಳೆ ಹಿಡಿಯುವ ಮುಂಚೆ ಒಂದು ದಿನ ಕೆಳಗೇರಿಯ ಒಂದೊಂದು ಮನೆಯಿಂದಲೂ ಕುಳ್ಳು ತಂದು ಆ ಬಯಲಲ್ಲಿ ಬೆಂಕಿ ಹಾಕುತ್ತಾರೆ. ಯಾವ ದಿನ ಅಂತ ಹೆಂಗಸರೇ ಗೊತ್ತು ಮಾಡುತ್ತಾರೆ, ಪಂಚಾಂಗ ಕೇಳುವುದಿಲ್ಲ. ಆ ಬೆಂಕಿಯಲ್ಲಿ ಸುಟ್ಟ ರೊಟ್ಟಿಯನ್ನು ಅವತ್ತು ಊರಿಗೆ ಬಂದ ಪರಊರಿನವರಿಗೆ ಮೊದಲು ಇಕ್ಕುತ್ತಾರೆ. ನೀವು ಯಾರು, ಯಾವೂರಿನವರು, ಯಾಕೆ ಬಂದಿರಿ ಅಂತ ಕೇಳುವುದೆಲ್ಲ ಅವರು ಉಂಡು ಕೈ ತೊಳೆದ ಮೇಲೆ.